ಹೀಟ್ ಪಂಪ್ ಓಡ್ತಿದೆ, ಮನೆ ಮಾತ್ರ ತಣ್ಣಗೆ (ಮಡಿಕೇರಿ)

ತೋಟದಮನೆ:
ನಮ್ಮ ಹೋಂಸ್ಟೇಗೆ ನೆಲದ ಶಾಖ ಎಳೆಯುವ ಹೀಟ್ ಪಂಪ್ ಹಾಕಿಸಿ ಎರಡು ವರ್ಷ ಆಯಿತು. ತ್ರೀ ಫೇಸ್ ಕರೆಂಟಿನದು. 80 ಮೀಟರಿನ ಎರಡು ಬೋರ್, ಒಳಗೆ ನೀರು ಸುತ್ತುವ ಎಚ್‌ಡಿಪಿಇ (ಪ್ಲಾಸ್ಟಿಕ್) ಪೈಪ್. ಮಳೆಗಾಲದಲ್ಲಿ ರೂಮ್ ಬೆಚ್ಚಗೆ, ಏಪ್ರಿಲ್‌ನಲ್ಲಿ ಅದೇ ಮಿಷನ್ ರೂಮಿನ ಬಿಸಿಯನ್ನು ನೆಲಕ್ಕೆ ಇಳಿಸಿ ತಂಪು ಮಾಡುತ್ತೆ. ಮೂರು ದಿನದಿಂದ ಓಡುತ್ತದೆ, ಬಿಸಿ ಇಲ್ಲ. ಸದ್ದು ಬೇರೆ ಜಾಸ್ತಿ, ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಕಕ್ಕಡದ ಮಳೆ, ಅತಿಥಿಗಳು ಕಂಬಳಿ ಹೊದ್ದು ಕೂತಿದ್ದಾರೆ. ಇಷ್ಟು ಮಳೆಗೆ ನೆಲವೇ ತಣ್ಣಗಾಗಿ ಹೋಯಿತಾ?

ಕರಿಮೆಣಸು:
ಗ್ಯಾಸ್ ಲೀಕ್ ಇರಬೇಕು. ನಮ್ಮ ಫ್ರಿಜ್ಜಿಗೂ ಹೀಗೇ ಆಗಿತ್ತು.

ಹಳೇಮೆಕ್ಯಾನಿಕ್:
ಗ್ಯಾಸಿಗೆ ಆಮೇಲೆ ಬರೋಣ. ಮಳೆಯನ್ನು ಬೈಯಬೇಡಿ ಅಣ್ಣ. ಅಷ್ಟು ಆಳದಲ್ಲಿ ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಬಿಸಿ. ಮಡಿಕೇರಿಯಲ್ಲಿ 20 ಡಿಗ್ರಿ ಆಸುಪಾಸು. ನೆಂದ ಮಣ್ಣು ಒಣ ಮಣ್ಣಿಗಿಂತ ಚೆನ್ನಾಗಿ ಶಾಖ ಸಾಗಿಸುತ್ತೆ, ಮಳೆ ನಿಮ್ಮ ಕಡೆಗೇ ಇದೆ. ಬೋರಿಗೆ ಹೋಗುವ, ಬರುವ ಪೈಪಿನ ಥರ್ಮಾಮೀಟರ್ ಎಷ್ಟು ತೋರಿಸ್ತಿದೆ?

ತೋಟದಮನೆ:
ಎರಡೂ 20. ಚೂರೂ ವ್ಯತ್ಯಾಸ ಇಲ್ಲ.

ಹಳೇಮೆಕ್ಯಾನಿಕ್:
ಹಾಗಾದರೆ ನೀರು ಸುಮ್ನೆ ಸುತ್ತು ಹೊಡೀತಿದೆ. ಸರಿಯಿದ್ದಾಗ 3ರಿಂದ 5 ಡಿಗ್ರಿ ವ್ಯತ್ಯಾಸ ಇರಬೇಕು. 8-10 ಇದ್ದಿದ್ದರೆ ನೀರು ಸೋಸುವ ಸ್ಟ್ರೈನರ್ ಕಟ್ಟಿಕೊಂಡಿದೆ ಅಂತಿದ್ದೆ. ಸೊನ್ನೆ ಅಂದರೆ ಅನುಮಾನ ಗ್ಯಾಸ್ ಒತ್ತುವ ಕಂಪ್ರೆಸರ್ ಮೇಲೆ. ಮೂರು ದಿನದ ಹಿಂದೆ ಕರೆಂಟ್ ಲೈನ್ ರಿಪೇರಿ ಆಯಿತಾ? ಟ್ಯಾಂಕಿಗೆ ನೀರೆತ್ತುವ ಬೋರ್‌ವೆಲ್ ಮೋಟರಿನಲ್ಲೂ ನೀರು ಕಮ್ಮಿ ಬರ್ತಿದೆಯಾ?

ತೋಟದಮನೆ:
ನಿಮಗೆ ಹೇಗೆ ಗೊತ್ತಾಯಿತು! ಸಿಲ್ವರ್ ಓಕ್ ಬಿದ್ದು ಲೈನ್ ಕಡಿದಿತ್ತು. ಈಗ ಟ್ಯಾಂಕ್ ತುಂಬಲು ಡಬಲ್ ಹೊತ್ತು. ಮೋಟರಿಗೆ ವಯಸ್ಸಾಯಿತು ಅಂದುಕೊಂಡಿದ್ದೆ.

ಹಳೇಮೆಕ್ಯಾನಿಕ್:
ಹೀಟ್ ಪಂಪ್ ಈಗಲೇ ಆಫ್ ಮಾಡಿ. ಲೈನ್ ಜೋಡಿಸುವಾಗ ಮೂರು ಫೇಸ್ ವಯರಿನ ಕ್ರಮ ಅದಲುಬದಲಾಗಿದೆ, ಅದಕ್ಕೇ ತ್ರೀ ಫೇಸ್ ಮೋಟರೆಲ್ಲ ಉಲ್ಟಾ ತಿರುಗ್ತಿವೆ. ಹೀಟ್ ಪಂಪಿನೊಳಗಿನ ಸ್ಕ್ರಾಲ್ (ಸುರುಳಿ) ಕಂಪ್ರೆಸರ್ ಉಲ್ಟಾ ತಿರುಗಿದರೆ ಗ್ಯಾಸ್ ಒತ್ತಲ್ಲ, ಗಲಾಟೆ ಮಾತ್ರ. ಹಾಗೇ ಬಿಟ್ಟರೆ ಕೆಟ್ಟು ಕೂರುತ್ತೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟರ್ ಉಲ್ಟಾ ಓಡುವುದನ್ನು ತೋಟದವರು ನೋಡಿಯೇ ಇರ್ತೀರಿ, ಅಲ್ವಾ? ಹೀಟರ್ ಕಾಯಿಲ್‌ಗೆ ಈ ತಾಪತ್ರಯ ಇಲ್ಲ, ಆದರೆ ಅದು ಒಂದು ಯೂನಿಟ್ ಕರೆಂಟಿಗೆ ಒಂದೇ ಯೂನಿಟ್ ಶಾಖ ಕೊಡುತ್ತೆ. ಇದು ನೆಲದಿಂದ ಎತ್ತಿ ತರುವುದರಿಂದ ಮೂರು-ನಾಲ್ಕು. ಅದಿರಲಿ, ಫೇಸ್ ಕ್ರಮ ತಪ್ಪಿದರೆ ಮಿಷನ್ ಓಡದಂತೆ ತಡೆಯುವ ಫೇಸ್ ಸೀಕ್ವೆನ್ಸ್ ರಿಲೇ ಎಲ್ಲಿ ಹೋಯಿತು?

ತೋಟದಮನೆ:
ಪದೇ ಪದೇ ಟ್ರಿಪ್ ಆಗುತ್ತೆ ಅಂತ ಹೋದ ವರ್ಷ ಎಲೆಕ್ಟ್ರಿಷಿಯನ್ ಬೈಪಾಸ್ ಮಾಡಿದ್ದ. ನಾನೂ ಹೂಂ ಅಂದಿದ್ದೆ. ಎರಡು ವಯರ್ ನಾನೇ ಅದಲು ಬದಲು ಮಾಡಲಾ?

ಹಳೇಮೆಕ್ಯಾನಿಕ್:
ಬೇಡ. ಇಡೀ ತೋಟದ್ದೇ ಉಲ್ಟಾ ಆಗಿದೆ. ಲೈನ್‌ಮ್ಯಾನ್‌ಗೆ ಹೇಳಿ ಕಂಬದಲ್ಲೇ ಸರಿ ಮಾಡಿಸಿ. ನೀವು ಇಲ್ಲಿ ಬದಲಿಸಿ, ಅವರು ಅಲ್ಲಿ ಬದಲಿಸಿದರೆ ಮತ್ತೆ ಮೊದಲಿನ ಹಾಡೇ. ರಿಲೇ ವಾಪಸ್ ಹಾಕಿಸದೆ ಸ್ಟಾರ್ಟ್ ಮಾಡಬೇಡಿ.

ತೋಟದಮನೆ:
ಎರಡು ದಿನ ಹಂಡೆ ಒಲೆಯೇ ಗತಿ ಆಯಿತು. ಇವತ್ತು ಲೈನ್‌ಮ್ಯಾನ್ ಬಂದು ಸರಿ ಮಾಡಿದರು, ರಿಲೇನೂ ಹಾಕಿಸಿದೆ. ಬೋರಿಗೆ ಹೋಗುವುದು 16, ಬರುವುದು 20. ಕಲ್ಲಿನ ಸದ್ದು ನಿಂತಿದೆ. ಇರಿ, ಟ್ಯಾಂಕ್ ತುಂಬಿ ಹೊರಗೆ ಸುರೀತಿದೆ, ಡಬಲ್ ಹೊತ್ತಿನ ಲೆಕ್ಕದಲ್ಲೇ ಮೋಟರ್ ಹಾಕಿ ಬಂದಿದ್ದೆ.