ಹಳೇ ಟ್ರ್ಯಾಕ್ಟರಿನ ಡೀಸೆಲ್ ಲೈನ್ ನಾವೇ ಬದಲಿಸೋದು: ಪಂಪ್ ಮೇಸ್ತ್ರಿಗೆ ಕೇಳಿ

ಅಡ್ಮಿನ್: ಈ ವಾರದ ಪ್ರಶ್ನೋತ್ತರ ಒಂದೇ ವಿಷಯಕ್ಕೆ. ಹಳೇ ಗಾಡಿಯ ಡೀಸೆಲ್ ಲೈನನ್ನು ಟ್ಯಾಂಕಿನಿಂದ ನಾಜಲ್‌ವರೆಗೆ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ತುದಿ) ಮನೆಯಲ್ಲೇ ಬದಲಿಸುವುದು. ದಾವಣಗೆರೆಯಲ್ಲಿ ಪಂಪ್ ಬೆಂಚ್ (ಡೀಸೆಲ್ ಪಂಪ್ ಪರೀಕ್ಷಿಸಿ ರಿಪೇರಿ ಮಾಡುವ ಜಾಗ) ನಡೆಸುವ ಮೇಸ್ತ್ರಿ ಉತ್ತರ ಕೊಡ್ತಾರೆ. ಮಾಡೆಲ್ ಮತ್ತು ಪಂಪಿನ ಪ್ಲೇಟ್ ಮೇಲಿನ ನಂಬರ್ ತಪ್ಪದೆ ಹಾಕಿ. ಫಾರ್ವರ್ಡ್ ಬೇಡ.

ಹರಿಹರ ಸದಸ್ಯ: ಮೇಸ್ತ್ರಿ ಅಣ್ಣ, ನಮಸ್ಕಾರ. 575 ಟ್ರ್ಯಾಕ್ಟರ್, ಇನ್‌ಲೈನ್ ಪಂಪ್. ಟ್ಯಾಂಕ್ ಒಳಗೆ ತುಕ್ಕು, ಪೈಪು ಬಿರುಕು. ಎಲ್ಲಾ ಬದಲಿಸ್ಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಲಿ?

ಮೇಸ್ತ್ರಿ: ನಮಸ್ಕಾರ. ಟ್ಯಾಂಕಿನಿಂದ ಶುರು ಮಾಡಿ. ತುಕ್ಕಿನ ಟ್ಯಾಂಕ್ ಇಟ್ಟುಕೊಂಡು ಮುಂದಿನದೆಲ್ಲ ಹೊಸದು ಹಾಕಿದರೆ ಎರಡು ವಾರದಲ್ಲಿ ಫಿಲ್ಟರ್ ಕಟ್ಟುತ್ತೆ. ಟ್ಯಾಂಕ್ ಇಳಿಸಿ, ಡೀಸೆಲ್ ಪೂರ್ತಿ ಬಸಿದು, ಎರಡು ಲೀಟರ್ ಶುದ್ಧ ಡೀಸೆಲ್ ಜೊತೆ ಒಂದು ಹಿಡಿ ಸಣ್ಣ ನಟ್ ಹಾಕಿ ಎಲ್ಲಾ ಮಗ್ಗುಲಿಗೂ ಅಲ್ಲಾಡಿಸಿ. ಹಾಕುವಾಗ ನಟ್ ಎಣಿಸಿ, ತೆಗೆಯುವಾಗಲೂ ಎಣಿಸಿ. ಬರುವ ಡೀಸೆಲ್ ತಿಳಿ ಆಗುವವರೆಗೂ ತೊಳೀತಾ ಇರಿ. ನೀರು ಹಾಕಿ ತೊಳೆದರೆ ಒಣಗುವಷ್ಟರಲ್ಲೇ ಹೊಸ ತುಕ್ಕು ಹಿಡಿಯುತ್ತೆ. ಒಳಗೆ ಬಣ್ಣ ಬಳಿಯಬೇಡಿ, ಅದು ಸಿಪ್ಪೆ ಎದ್ದು ಕಾಕ್ (ಟ್ಯಾಂಕಿನಿಂದ ಡೀಸೆಲ್ ಬಿಡುವ ನಲ್ಲಿ) ಬಾಯಿಗೆ ಬಂದು ಕೂರುತ್ತೆ.

ಪೈಪು: ಹಳೇ ತುಂಡು ಕತ್ತರಿಸಿ ಅಂಗಡಿಗೆ ತಗೊಂಡು ಹೋಗಿ ಒಳಗಿನ ಅಳತೆ ಹೊಂದಿಸಿ. ಮೇಲೆ ಡೀಸೆಲ್ ಹೋಸ್ ಅಂತ ಅಚ್ಚು ಇರಬೇಕು. ನೀರಿನ ಪೈಪು, ಸ್ಪ್ರೇಯರ್ ಪೈಪು ಡೀಸೆಲ್‌ಗೆ ಉಬ್ಬಿ ಒಳಪದರ ಕಳಚಿಕೊಳ್ಳುತ್ತೆ, ಹೊರಗಿನಿಂದ ಏನೂ ಕಾಣಲ್ಲ. ಪೈಪಿನ ತುದಿ ಕೂರಿಸುವ ತೂತಿನ ಬೋಲ್ಟ್, ಅಂದರೆ ಬ್ಯಾಂಜೋ ಬೋಲ್ಟಿನ ಎರಡೂ ಕಡೆ ಹೊಸ ವಾಷರ್. ಥ್ರೆಡ್ ಟೇಪ್ ಸುತ್ತಬೇಡಿ, ಅದರ ಎಳೆ ಒಂದು ಹೋದರೂ ಸಾಕು, ಪಂಪ್ ಬೆಂಚಿಗೆ ಬರುತ್ತೆ. ಪಂಪಿನೊಳಗೆ ಡೀಸೆಲ್ ಒತ್ತುವ ಪ್ಲಂಜರ್ ಮತ್ತು ಅದು ಆಡುವ ಬ್ಯಾರೆಲ್ ನಡುವಿನ ಸಂದು ಎರಡು–ಮೂರು ಮೈಕ್ರಾನ್, ತಲೆಗೂದಲು ಎಪ್ಪತ್ತರ ಹತ್ತಿರ. ಅದಕ್ಕೇ ಬಿಚ್ಚಿದ ಪ್ರತಿ ಬಾಯಿಗೂ ತಕ್ಷಣ ಪ್ಲಾಸ್ಟಿಕ್ ಕಟ್ಟಿ. ಒರೆಸಲು ಬನಿಯನ್ ವೇಸ್ಟ್ ಬೇಡ, ನೂಲು ಬಿಡುತ್ತೆ.

ಹರಿಹರ ಸದಸ್ಯ: ಹೊಸ ಫಿಲ್ಟರ್ ತುಂಬಿ ಹಾಕ್ಲಾ, ಖಾಲಿ ಹಾಕ್ಲಾ?

ಮೇಸ್ತ್ರಿ: ಖಾಲಿ ಹಾಕಿ. ಕ್ಯಾನಿನಿಂದ ಸುರಿದ ಡೀಸೆಲ್ ಸೋಸಿದ್ದಲ್ಲ, ಎರಡನೇ ಫಿಲ್ಟರಿನಲ್ಲಿ ಸೋಸಿದ ಡೀಸೆಲ್ ಹೊರಬರುವ ಬಾಯಿಗೆ ಬಿದ್ದರೆ ಕಸ ನೇರ ಪಂಪಿಗೆ ಹೋಗುತ್ತೆ. ಕೈಯಿಂದ ಒತ್ತಿ ಡೀಸೆಲ್ ಏರಿಸುವ ಹ್ಯಾಂಡ್ ಪ್ರೈಮರ್‌ನಿಂದ ತುಂಬಿಸಿ.

ಜಗಳೂರು ಸದಸ್ಯ: ಸಾರ್ ಫಿಲ್ಟರ್ ಬದಲಿಸಿದ ಮೇಲೆ ಸ್ಟಾರ್ಟ್ ಆಗಿ ನಿಂತುಹೋಗ್ತೈತೆ.

ಮೇಸ್ತ್ರಿ: ಏರ್ ಹಿಡಿದಿದೆ. ಎಲ್ಲರೂ ಇದನ್ನೇ ಕೇಳ್ತೀರಿ, ಒಮ್ಮೆ ಬರೀತೀನಿ. ಕಾಕ್ ತೆರೆಯಿರಿ. ಮೊದಲ ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಪ್ರೈಮರ್ ಒತ್ತಿ, ಡೀಸೆಲ್ ಬರುತ್ತಿರುವಾಗಲೇ ಬಿಗಿ ಮಾಡಿ. ಆಮೇಲೆ ಎರಡನೇ ಫಿಲ್ಟರ್, ಆಮೇಲೆ ಪಂಪಿನ ಸ್ಕ್ರೂ. ಈ ಸಾಲು ತಪ್ಪಿಸಬೇಡಿ, ಮುಂದಿನದು ಮೊದಲು ತೆಗೆದರೆ ಹಿಂದಿನ ಗಾಳಿ ಮತ್ತೆ ಬಂದು ಕೂರುತ್ತೆ. ಕೊನೆಗೆ ನಾಜಲ್ ತುದಿಯ ಪೈಪ್ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ, ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ಒಂದು ನಿಮಿಷ ಬಿಟ್ಟು ಮತ್ತೆ. ಡೀಸೆಲ್ ಚಿಮ್ಮಿದ ಪೈಪು ಒಂದೊಂದಾಗಿ ಬಿಗಿ ಮಾಡಿ.

ಒಂದು ಮಾತು. ಚಿಮ್ಮುವ ಜಾಗಕ್ಕೆ ಬೆರಳು ಹಿಡಿದು ನೋಡಬೇಡಿ. ನಾಜಲ್ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ನೋವೂ ಮೊದಲು ಕಡಿಮೆ. ಗಂಟೆಗಳಲ್ಲಿ ಒಳಗೆ ಮಾಂಸ ಸಾಯುತ್ತೆ, ಬೆರಳು ಕತ್ತರಿಸಬೇಕಾಗುತ್ತೆ. ಹಾಗಾದರೆ ಅರಿಶಿನ ಹಚ್ಚಿ ಮಲಗಬೇಡಿ. ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಆ ಕ್ಷಣವೇ ಹೋಗಿ, "ಒತ್ತಡದ ಡೀಸೆಲ್ ಒಳಗೆ ಹೋಗಿದೆ" ಅಂತಲೇ ಹೇಳಿ.

ಹೊಳಲ್ಕೆರೆ ಸದಸ್ಯ: [ಫಾರ್ವರ್ಡ್] ಡೀಸೆಲ್ ಟ್ಯಾಂಕಿಗೆ ನಾಲ್ಕು ಕರ್ಪೂರ, ಎರಡು ನುಸಿಗುಳಿಗೆ ಹಾಕಿ, ತುಕ್ಕು ಕರಗಿ ಮೈಲೇಜ್ ಡಬಲ್! ಎಲ್ಲಾ ರೈತರಿಗೂ ತಲುಪಿಸಿ.

ಮೇಸ್ತ್ರಿ: ತುಕ್ಕು ಇವ್ಯಾವುದಕ್ಕೂ ಕರಗಲ್ಲ. ಹಾಕಬೇಡಿ.

ಹೊಳಲ್ಕೆರೆ ಸದಸ್ಯ: ನಮ್ಮೂರಲ್ಲಿ ತುಂಬಾ ಜನ ಹಾಕ್ತಾರೆ ಸಾರ್.

ಮೇಸ್ತ್ರಿ: ಹಾಕಿದವರ ಪಂಪ್ ನಾನು ಬಿಚ್ತೀನಿ. ಹಾಕಬೇಡಿ.

ಚಳ್ಳಕೆರೆ ಸದಸ್ಯ: ಮೇಸ್ತ್ರಿ ಅಣ್ಣ, ಹಳೇ ಮೂರು ಸಿಲಿಂಡರ್ ಗಾಡಿ, ರೋಟರಿ ಪಂಪ್. ಶೇಂಗಾ ಬಿತ್ತನೆಗೆ ಮುಂಚೆ ಟ್ಯಾಂಕ್ ತೊಳೆದು ಪೈಪು, ಎರಡೂ ಫಿಲ್ಟರ್, ಫೀಡ್ ಪಂಪ್ (ಟ್ಯಾಂಕಿಂದ ಡೀಸೆಲ್ ಎಳೆಯೋದು) ಎಲ್ಲಾ ಹೊಸದು ಹಾಕಿದೀನಿ. ಗಾಡಿ ಸಲೀಸಾಗಿ ಓಡ್ತೈತೆ. ಆದ್ರೆ ಇಂಜಿನ್ ಆಯಿಲ್ ಕಡ್ಡಿ ನೋಡಿದ್ರೆ ಮಟ್ಟ ಮೇಲಿನ ಗುರುತಿಗಿಂತ ಒಂದು ಬೆರಳು ಜಾಸ್ತಿ. ನಾನು ಆಯಿಲ್ ಹಾಕೇ ಇಲ್ಲ. ಇದ್ರಿಂದ ತೊಂದ್ರೆ ಐತಾ?

ಮೇಸ್ತ್ರಿ: ಅಣ್ಣ, ಗಾಡಿ ಸ್ಟಾರ್ಟ್ ಮಾಡಬೇಡಿ. ಇದನ್ನು ಪೂರ್ತಿ ಓದಿ.

ಹಾಕದ ಆಯಿಲ್ ಏರಿದೆ ಅಂದರೆ ಡೀಸೆಲ್ ಇಳೀತಿದೆ, ಇಲ್ಲ ನೀರು. ನೀರಾದರೆ ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗುತ್ತೆ. ಡೀಸೆಲ್ ಆದರೆ ಕಪ್ಪೇ ಇರುತ್ತೆ, ತೆಳುವಾಗುತ್ತೆ, ಕಡ್ಡಿ ಮೂಸಿದರೆ ಗೊತ್ತಾಗುತ್ತೆ. ಅನುಮಾನವಿದ್ದರೆ ಒಂದು ಹನಿ ನ್ಯೂಸ್ ಪೇಪರ್ ಮೇಲೆ ಬಿಟ್ಟು ಒಂದು ಗಂಟೆ ಬಿಡಿ. ನಡುವೆ ಕಪ್ಪು ಚುಕ್ಕೆ, ಸುತ್ತ ತಿಳಿ ಬಣ್ಣದ ಅಗಲ ಉಂಗುರ ಬಂದರೆ ಡೀಸೆಲ್.

ಇದರಿಂದ ಎರಡು ಅಪಾಯ. ತೆಳುವಾದ ಆಯಿಲ್ ಬೇರಿಂಗ್ ಮೇಲೆ ಪದರ ಹಿಡಿಯಲ್ಲ, ಬಿಸಿಯಾದ ಇಂಜಿನ್ ಲೋಡಿನಲ್ಲಿ ಬೇರಿಂಗ್ ತಿಂದುಹಾಕುತ್ತೆ. ಎರಡನೆಯದು ಅದಕ್ಕಿಂತ ಕೆಟ್ಟದ್ದು. ಮಟ್ಟ ಏರಿದ ಆಯಿಲನ್ನು ಕ್ರ್ಯಾಂಕ್ ಬಡಿದು ಮಂಜು ಮಾಡುತ್ತೆ, ಆ ಮಂಜು ಇಂಜಿನ್ ಉಸಿರು ಬಿಡುವ ಬ್ರೀದರ್ ಮೂಲಕವೋ ರಿಂಗ್ ಪಕ್ಕದಿಂದಲೋ ಸಿಲಿಂಡರ್ ಸೇರಿದರೆ ಇಂಜಿನ್ ತನ್ನ ಆಯಿಲನ್ನೇ ಉರಿಸಿಕೊಂಡು ಓಡುತ್ತೆ. ಸ್ಟಾಪ್ ಎಳೆದರೂ ನಿಲ್ಲಲ್ಲ, ಡೀಸೆಲ್ ಪೈಪು ಬಿಚ್ಚಿದರೂ ನಿಲ್ಲಲ್ಲ. ಎಂದಾದರೂ ಹಾಗಾದರೆ ಟಾಪ್ ಗೇರ್ ಹಾಕಿ ಬ್ರೇಕ್ ಒತ್ತಿಹಿಡಿದು ಕ್ಲಚ್ ಬಿಡಿ, ಇಲ್ಲ ಗಾಳಿ ಒಳಹೋಗುವ ಬಾಯಿಗೆ ಚಪ್ಪಟೆ ಹಲಗೆ ಒತ್ತಿ. ಕೈ ಅಲ್ಲ. ಬಟ್ಟೆಯೂ ಅಲ್ಲ, ಒಳಗೆ ಎಳೆದುಕೊಳ್ಳುತ್ತೆ.

ಈಗ ಎಲ್ಲಿಂದ ಇಳೀತಿದೆ ಅಂತ ಹುಡುಕಬೇಕು. ಮೊದಲ ಅನುಮಾನ ನೀವು ಹಾಕಿದ ಹೊಸ ಫೀಡ್ ಪಂಪ್. ಅದು ಬ್ಲಾಕಿಗೆ ಕೂತು, ಒಳಗಿನ ಕ್ಯಾಮ್ ಮೇಲೆ ಲಿವರ್ ಆಡುವ ಡಯಾಫ್ರಾಮ್ (ರಬ್ಬರ್ ಪರದೆ) ಪಂಪ್ ಆಗಿದ್ದರೆ, ಡಯಾಫ್ರಾಮ್ ಹರಿದಾಗ ಡೀಸೆಲ್ ಸೀದಾ ಇಂಜಿನ್ ತಳದ ಆಯಿಲ್ ಸಂಪಿಗೇ ಹೋಗುತ್ತೆ. ನಿಮ್ಮ ಟ್ಯಾಂಕ್ ಇಂಜಿನ್ ಮೇಲಿದೆ, ಗಾಡಿ ನಿಂತಿದ್ದರೂ ಇಳೀತಾ ಇರುತ್ತೆ. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಟ್ಯಾಂಕ್ ಅರ್ಧಕ್ಕಿಂತ ಮೇಲಿರಲಿ. ಇವತ್ತು ರಾತ್ರಿ ಕಾಕ್ ಮುಚ್ಚಿಡಿ, ಸಂಜೆ ಬೆಳಿಗ್ಗೆ ಎರಡು ಸಲವೂ ಕಡ್ಡಿ ಒರೆಸಿ ಮಟ್ಟ ಗುರುತು ಹಾಕಿ. ನಾಳೆ ರಾತ್ರಿ ಕಾಕ್ ತೆರೆದಿಡಿ, ಹಾಗೇ ಗುರುತು. ತೆರೆದ ರಾತ್ರಿ ಮಾತ್ರ ಏರಿದರೆ ಫೀಡ್ ಪಂಪ್ ಇಳಿಸಿ. ಎರಡೂ ರಾತ್ರಿ ಏರದಿದ್ದರೆ ರೋಟರಿ ಪಂಪಿನ ಶಾಫ್ಟ್ ಸೀಲ್ ಅಥವಾ ಸುರಿಯುವ ನಾಜಲ್. ಅವೆರಡೂ ಮನೆ ಕೆಲಸ ಅಲ್ಲ, ಬೆಂಚಿಗೆ ತನ್ನಿ.

ಇನ್ನೊಂದು ನೋಡಿ. ಹಳೇ ಪಂಪ್ ಮತ್ತು ಬ್ಲಾಕಿನ ನಡುವೆ ದಪ್ಪ ಪ್ಯಾಕಿಂಗ್ ಇತ್ತಾ? ಹೊಸದಕ್ಕೆ ತೆಳು ಪೇಪರ್ ಪ್ಯಾಕಿಂಗ್ ಹಾಕಿದ್ದೀರಾ? ದಪ್ಪ ಕಡಿಮೆಯಾದರೆ ಲಿವರ್ ಒಳಗೆ ಹೆಚ್ಚು ನುಗ್ಗುತ್ತೆ, ಕ್ಯಾಮ್ ಅದನ್ನು ಮಿತಿ ಮೀರಿ ಎಳೆಯುತ್ತೆ, ಹೊಸ ಡಯಾಫ್ರಾಮ್ ಕೂಡ ಬೇಗ ಹರಿಯುತ್ತೆ. ಉತ್ತರ ಹಾಕಿ, ಕಾಯ್ತೀನಿ.

ಹೊನ್ನಾಳಿ ಸದಸ್ಯ: ನಮ್ದು ಅರ್ಧ ಗಂಟೆ ಓಡಿ ನಿಲ್ತೈತೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡ್ತೈತೆ.

ಮೇಸ್ತ್ರಿ: ಟ್ಯಾಂಕ್ ಮುಚ್ಚಳದ ಗಾಳಿ ತೂತು ನೋಡಿ. ನಿಂತಾಗ ಮುಚ್ಚಳ ತೆಗೆದರೆ ಉಸ್ಸೆಂದರೆ ಅದೇ.

ಚನ್ನಗಿರಿ ಸದಸ್ಯ: ಈಗಿನ ಡೀಸೆಲ್‌ನಲ್ಲಿ ಗಂಧಕ ಇಲ್ಲ, ಹಳೇ ಪಂಪ್ ಒಣಗಿ ಸವೀತೈತೆ. ಅದಕ್ಕೆ 2ಟಿ ಆಯಿಲ್ ಹಾಕ್ಬೇಕು. ನಾನು ಲೀಟರಿಗೆ 5 ಮಿಲಿ ಹಾಕ್ತೀನಿ.

ಹಿರಿಯೂರು ಸದಸ್ಯ: 2ಟಿ ಬೇಡ, ಸೀಮೆಎಣ್ಣೆ ಒಳ್ಳೇದು. ನಾಜಲ್ ಸ್ವಚ್ಛ ಆಗ್ತೈತೆ.

ಚನ್ನಗಿರಿ ಸದಸ್ಯ: ಸೀಮೆಎಣ್ಣೆ ಡೀಸೆಲ್‌ಗಿಂತ ತೆಳು ಕಣ್ರೀ. ಪಂಪಿಗೆ ಡೀಸೆಲ್ಲೇ ಆಯಿಲ್. ತೆಳು ಮಾಡಿ ಸವೆಸ್ತೀರಾ?

ಹಿರಿಯೂರು ಸದಸ್ಯ: ನಿಮ್ಮ 2ಟಿ ಬೈಕಿಗೆ ಇರೋದು. ಟ್ರ್ಯಾಕ್ಟರ್‌ಗೆ ಹಾಕು ಅಂತ ಯಾವ ಕಂಪನಿ ಹೇಳೈತೆ ತೋರ್ಸಿ.

ಚನ್ನಗಿರಿ ಸದಸ್ಯ: ಸೀಮೆಎಣ್ಣೆ ಹಾಕು ಅಂತ ಯಾವ ಕಂಪನಿ ಹೇಳೈತೆ? ಮೊದ್ಲು ನೀವು ತೋರ್ಸಿ.

ಅಡ್ಮಿನ್: ಇಬ್ಬರೂ ನಿಲ್ಸಿ. ಮೇಸ್ತ್ರಿಯವರು ಹೇಳ್ಲಿ.

ಮೇಸ್ತ್ರಿ: 2020ರ ಏಪ್ರಿಲ್‌ನಿಂದ ಬರುವ ಬಿಎಸ್ 6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಪಾಲು) ಒಳಗೆ, ಅದು ನಿಜ. ಆದರೆ ಜಾರುಗುಣಕ್ಕೆ ಬೇರೆ ಪರೀಕ್ಷೆ ಇದೆ. ಆ ಪರೀಕ್ಷೆಯಲ್ಲಿ ಲೋಹದ ಮೇಲೆ ಬೀಳುವ ಸವೆತದ ಗುರುತು 460 ಮೈಕ್ರಾನ್ ದಾಟಬಾರದು ಅಂತ ನಿಯಮ, ಅದಕ್ಕೆ ಬೇಕಾದ್ದನ್ನು ರಿಫೈನರಿಯಲ್ಲೇ ಸೇರಿಸಿರ್ತಾರೆ. 2ಟಿ ಬೇಕಿಲ್ಲ. ಸೀಮೆಎಣ್ಣೆ ಖಂಡಿತ ಬೇಡ, ಪ್ಲಂಜರ್ ಗೀರು ಬೀಳುತ್ತೆ, ಬಿಸಿಯಲ್ಲಿ ಸ್ಟಾರ್ಟ್ ಆಗಲ್ಲ. ಪೆಟ್ರೋಲ್ ಅಂತ ಇನ್ನೊಬ್ಬರು ಬರುವ ಮುಂಚೆಯೇ ಹೇಳ್ತೀನಿ, ಟ್ಯಾಂಕಿನಲ್ಲಿ ಬೆಂಕಿಗೆ ದಾರಿ ಮಾಡಿಕೊಟ್ಟ ಹಾಗೆ. ಪಂಪ್ ಉಳಿಯಬೇಕಾದರೆ ನೀರು ತೆಗೆಯಿರಿ. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗದ ಗಾಳಿಯ ತೇವ ರಾತ್ರಿ ತಣ್ಣಗಾಗಿ ನೀರಾಗುತ್ತೆ. ವಾರಕ್ಕೊಮ್ಮೆ ಫಿಲ್ಟರ್ ಕೆಳಗಿನ ಸ್ಕ್ರೂ ಬಿಚ್ಚಿ ಬಸಿಯಿರಿ.

ಹಿರಿಯೂರು ಸದಸ್ಯ: ಎಲ್ಲದಕ್ಕೂ ಬೇಡ ಬೇಡ ಅಂದ್ರೆ ಹೆಂಗೆ.

ಹೊಸದುರ್ಗ ಸದಸ್ಯ: ಟ್ಯಾಂಕ್ ತಳದಲ್ಲಿ ಸೂಜಿ ತೂತು. ಗ್ಯಾಸ್ ವೆಲ್ಡಿಂಗ್ ಹೊಡಿಸ್ಲಾ? ಡೀಸೆಲ್ ಪೂರ್ತಿ ಬಸಿದಿದೀನಿ. ಆಗದಿದ್ರೆ ಜಿಐ ಶೀಟಲ್ಲಿ ಹೊಸ ಟ್ಯಾಂಕ್ ಮಾಡಿಸ್ತೀನಿ.

ಮೇಸ್ತ್ರಿ: ಎರಡೂ ಬೇಡ. ಖಾಲಿ ಟ್ಯಾಂಕೇ ತುಂಬಿದ್ದಕ್ಕಿಂತ ಅಪಾಯ. ಗೋಡೆಗೆ ಅಂಟಿದ ಡೀಸೆಲ್ ಬೆಂಕಿಯ ಬಿಸಿಗೆ ಆವಿಯಾಗಿ ಗಾಳಿ ಜೊತೆ ಸೇರಿ ಸಿಡಿಯುತ್ತೆ. ಹಬೆಯಲ್ಲಿ ತೊಳೆದು ಟ್ಯಾಂಕ್ ರಿಪೇರಿ ಮಾಡೋದನ್ನೇ ಕಸುಬು ಮಾಡಿಕೊಂಡವರಿಗೆ ಕೊಡಿ, ಇಲ್ಲ ಕಂಪನಿ ಟ್ಯಾಂಕ್ ಹಾಕಿ. ಜಿಐ ಶೀಟಿನ ಸತು ಡೀಸೆಲ್‌ನ ಆಮ್ಲದ ಜೊತೆ ಸೇರಿ ಅಂಟು ಸೋಪಿನಂಥದ್ದು ಆಗುತ್ತೆ, ಫಿಲ್ಟರ್ ಕಟ್ಟುತ್ತೆ. ಡೀಸೆಲ್ ಇಡುವ ಡ್ರಮ್ಮಿಗೂ ಇದೇ ಮಾತು.

ಹೊಸದುರ್ಗ ಸದಸ್ಯ: ಎಂ-ಸೀಲ್?

ಮೇಸ್ತ್ರಿ: ಗಾಡಿ ಮನೆ ಸೇರುವವರೆಗೆ.

ಮೊಳಕಾಲ್ಮುರು ಸದಸ್ಯ: ನಾಜಲ್ ಕೆಳಗೆ ಹೊಗೆ ಲೀಕ್. ಎರಡು ತಾಮ್ರದ ವಾಷರ್ ಹಾಕ್ಬಹುದಾ? ಪಂಪಿನಿಂದ ನಾಜಲ್‌ಗೆ ಹೋಗೋ ಒಂದು ಪೈಪು ಮುರಿದೈತೆ, ಗಿಡ್ಡದು ಸಿಕ್ಕೈತೆ.

ಮೇಸ್ತ್ರಿ: ಒಂದೇ ವಾಷರ್, ಅದೇ ದಪ್ಪ. ಹಳೇದು ಗುಳಿಯಲ್ಲಿ ಅಂಟಿಕೊಂಡಿದೆಯಾ ಟಾರ್ಚ್ ಹಾಕಿ ನೋಡಿ, ಬಹಳ ಸಲ ಅದೇ ಕಾರಣ. ಎರಡು ಹಾಕಿದರೆ ನಾಜಲ್ ಮೇಲೆದ್ದು ಡೀಸೆಲ್ ಬೀಳುವ ಜಾಗ ತಪ್ಪುತ್ತೆ, ಕಪ್ಪು ಹೊಗೆ. ಗಿಡ್ಡ ಪೈಪು ಬೇಡ. ಎಲ್ಲಾ ಪೈಪುಗಳ ಉದ್ದ, ಒಳತೂತು ಒಂದೇ ಇರಬೇಕು, ಇಲ್ಲದಿದ್ದರೆ ಆ ಸಿಲಿಂಡರಿಗೆ ಡೀಸೆಲ್ ಬೀಳುವ ಹೊತ್ತೇ ಬದಲಾಗುತ್ತೆ.

ಜಗಳೂರು ಸದಸ್ಯ: ಸಾರ್ ಏರ್ ತೆಗೆದೆ, ಮತ್ತೆ ನಿಲ್ತೈತೆ. ಎಲ್ಲೂ ಡೀಸೆಲ್ ಸೋರ್ತಿಲ್ಲ.

ಮೇಸ್ತ್ರಿ: ಫೀಡ್ ಪಂಪಿಗೆ ಮುಂಚಿನ ಲೈನಿನಲ್ಲಿ ಸೋರಿಕೆ ಇದ್ದರೆ ಡೀಸೆಲ್ ಹೊರಗೆ ಬರಬೇಕೆಂದಿಲ್ಲ, ಗಾಳಿ ಒಳಗೆ ಹೋಗುತ್ತೆ. ಫೀಡ್ ಪಂಪಿನ ಒಳಬಾಯಿಗೆ ಒಂದು ಗೇಣು ಪಾರದರ್ಶಕ ಪೈಪು ಹಾಕಿ ಓಡಿಸಿ. ಗುಳ್ಳೆ ಕಂಡರೆ ಅಲ್ಲಿಂದ ಹಿಂದಕ್ಕೆ ಟ್ಯಾಂಕಿನವರೆಗೆ ಪ್ರತಿ ವಾಷರ್, ಪ್ರತಿ ಕ್ಲಿಪ್ ನೋಡಿ. ಪರೀಕ್ಷೆ ಮುಗಿದ ಮೇಲೆ ಆ ಪೈಪು ತೆಗೆದುಬಿಡಿ.

ಹರಪನಹಳ್ಳಿ ಸದಸ್ಯ: ಸಾರ್ ಏರ್ ಹೆಂಗೆ ತೆಗೆಯೋದು?

ಮೇಸ್ತ್ರಿ: ಮೇಲಿದೆ.

ಹರಪನಹಳ್ಳಿ ಸದಸ್ಯ: ಸಿಗ್ತಿಲ್ಲ ಸಾರ್. ಹಂಗೇ ಸ್ಟೇರಿಂಗ್ ಬಿಗಿ ಐತೆ, ಯಾವ ಆಯಿಲ್?

ಹೊಳಲ್ಕೆರೆ ಸದಸ್ಯ: [ಫಾರ್ವರ್ಡ್] ಮ್ಯಾಗ್ನೆಟ್ ಕಟ್ಟಿದರೆ ಡೀಸೆಲ್ ಉಳಿತಾಯ, ಮೆಕ್ಯಾನಿಕ್‌ಗಳು ಹೇಳದ ಗುಟ್ಟು...

ಚನ್ನಗಿರಿ ಸದಸ್ಯ: ಅಡ್ಮಿನ್, ಇವ್ರನ್ನ ತೆಗೀರಿ.

ಹೊಳಲ್ಕೆರೆ ಸದಸ್ಯ: ಕಳ್ಸಿದ್ರಲ್ಲಿ ತಪ್ಪೇನು? ಬೇಕಾದ್ರೆ ಓದಿ, ಇಲ್ಲ ಬಿಡಿ.

ಮೇಸ್ತ್ರಿ: ತಪ್ಪು ಇದೆ. ಓದಿದವರು ತಮ್ಮ ಗಾಡಿಗೆ ಮಾಡ್ತಾರೆ. ಪಂಪ್ ಹಾಳಾದರೆ ಬಿತ್ತನೆ ಹದ ಹೋಗುತ್ತೆ, ಅದನ್ನು ನೀವು ಕಟ್ಟಿಕೊಡಲ್ಲ.

ಚಳ್ಳಕೆರೆ ಸದಸ್ಯ: ಮೇಸ್ತ್ರಿ ಅಣ್ಣ, ನೋಡ್ದೆ. ಕಾಕ್ ಮುಚ್ಚಿದ ರಾತ್ರಿ ಮಟ್ಟ ಹಂಗೇ ಐತೆ. ತೆರೆದ ರಾತ್ರಿ ಏರೈತೆ. ಪೇಪರ್ ಮೇಲೆ ಉಂಗುರ ಬಂತು. ಹಳೇ ದಪ್ಪ ಪ್ಯಾಕಿಂಗ್ ಬಿಸಾಕಿದ್ದೆ, ಅಂಗಡಿಯವ್ರು ಪೇಪರ್ ಪ್ಯಾಕಿಂಗ್ ಸಾಕು ಅಂದಿದ್ರು.

ಮೇಸ್ತ್ರಿ: ಸರಿಯಾಗಿ ನೋಡಿದ್ದೀರಿ. ಕಾಕ್ ಮುಚ್ಚಿ ಫೀಡ್ ಪಂಪ್ ಇಳಿಸಿ. ಹೊರಬಾಯಿಗೆ ಬೆರಳು ಅಡ್ಡ ಹಿಡಿದು ಒಳಬಾಯಿಗೆ ಡೀಸೆಲ್ ಬಿಟ್ಟು ಕೈಯಿಂದ ಲಿವರ್ ಆಡಿಸಿ. ಲಿವರ್ ಕಡೆಯಿಂದ ತೊಟ್ಟಿಕ್ಕಿದರೆ ಡಯಾಫ್ರಾಮ್ ಹರಿದಿದೆ. ರಿಪೇರಿ ಕಿಟ್ ಹಾಕಬೇಡಿ, ಪಂಪೇ ಹೊಸದು ಹಾಕಿ, ಲಿವರಿನ ಉದ್ದ ಹಳೇದರ ಪಕ್ಕ ಇಟ್ಟು ಹೋಲಿಸಿ. ದಪ್ಪ ಪ್ಯಾಕಿಂಗ್ ಮಾಡೆಲ್ ಹೇಳಿ ತರಿಸಿ, ರಬ್ಬರ್ ಕತ್ತರಿಸಿ ಮಾಡಬೇಡಿ. ಕೂರಿಸುವಾಗ ಬೋಲ್ಟ್ ಎಳೆದು ಪಂಪನ್ನು ಒಳಗೆ ಕೂರಿಸಬಾರದು. ಲಿವರ್ ಕ್ಯಾಮಿನ ಸರಿಯಾದ ಮಗ್ಗುಲಿಗೆ ಬಂದರೆ ಕೈ ಒತ್ತಿಗೇ ಕೂರುತ್ತೆ. ಕೂರದಿದ್ದರೆ ಇಂಜಿನ್ ಕೈಯಿಂದ ಸ್ವಲ್ಪ ತಿರುಗಿಸಿ ಮತ್ತೆ ಹಿಡಿಯಿರಿ.

ಆಯಿಲ್ ಪೂರ್ತಿ ಸುರಿಯಿರಿ, ಆಯಿಲ್ ಫಿಲ್ಟರ್ ಬದಲಿಸಿ. ಹೊಸದು ಹಾಕಿ ಲೋಡ್ ಇಲ್ಲದೆ ಹತ್ತು ನಿಮಿಷ ಓಡಿಸಿ, ಅದನ್ನೂ ಸುರಿದು ಮತ್ತೆ ತುಂಬಿ. ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಪ್ರೆಷರ್ ಮುಳ್ಳು ಮೊದಲಿಗಿಂತ ಕೆಳಗೆ ನಿಂತರೆ ನೇಗಿಲಿಗೆ ಹಚ್ಚಬೇಡಿ, ಬೇರಿಂಗ್ ನೋಡಿಸಿ. ಆಮೇಲೂ ಒಂದು ವಾರ ದಿನಾ ಬೆಳಿಗ್ಗೆ ಕಡ್ಡಿ ನೋಡಿ, ರಾತ್ರಿ ಕಾಕ್ ಮುಚ್ಚಿ.