ಲೈಬ್ರರಿಯ ಮೇಂಟೇನರ್ ಎರಡು ವರ್ಷದಿಂದ ಸದ್ದಿಲ್ಲ. ಬದಲಿಸಬೇಕಾ, ಹಾಗೇ ಇಟ್ಟುಕೊಳ್ಳಬೇಕಾ?

ಸಂಜೆಮಲ್ಲಿಗೆ

ನಮ್ಮ ಟೀಮಿನಲ್ಲಿ ಇದೇ ವಿಷಯಕ್ಕೆ ದಿನಾ ವಾದ ನಡೆಯುತ್ತಿದೆ, ಅನುಭವ ಇರುವವರು ದಯವಿಟ್ಟು ಹೇಳಿ. ಮೀಟಿಂಗ್ ನಿಗದಿ ಮಾಡೋದು, ಸಮಯಕ್ಕೆ ಸರಿಯಾಗಿ ನೆನಪಿಸೋದು ಇಂಥ ಕೆಲಸದ ಒಂದು ಆ್ಯಪ್ ನಾವು ನೋಡಿಕೊಳ್ಳುತ್ತೇವೆ. ಬಳಸುವವರು ಬೇರೆ ಬೇರೆ ದೇಶಗಳಲ್ಲಿದ್ದಾರೆ. ದಿನಾಂಕ, ಟೈಮ್‌ಝೋನ್ ಲೆಕ್ಕವೆಲ್ಲ ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿಯ (ಬೇರೆಯವರು ಬರೆದು ಮುಕ್ತವಾಗಿ ಕೊಟ್ಟ ಸಿದ್ಧ ಕೋಡಿನ) ಮೇಲೆ ನಿಂತಿದೆ. ಯಾರು ಬೇಕಾದರೂ ಬಳಸಿ ಬದಲಿಸಬಹುದಾದ ಎಂಐಟಿ ಲೈಸೆನ್ಸ್, ಅದನ್ನು ನೋಡಿಕೊಳ್ಳೋ ಮೇಂಟೇನರ್ ಒಬ್ಬರೇ. ಕೊನೆಯ ರಿಲೀಸ್ ಬಂದು ಎರಡು ವರ್ಷಕ್ಕೂ ಜಾಸ್ತಿ ಆಯ್ತು. ಇಶ್ಯೂಗಳು (ಬಳಸುವವರು ಬರೆದ ದೂರುಗಳು) ಗುಡ್ಡೆ ಬಿದ್ದಿವೆ, ಹೊರಗಿನವರು ಕೋಡ್ ತಿದ್ದಿ ಕಳಿಸಿದ ಪುಲ್ ರಿಕ್ವೆಸ್ಟ್‌ಗಳಿಗೆ ಉತ್ತರ ಇಲ್ಲ.

ಮ್ಯಾನೇಜರ್ ಹೇಳೋದು, ಇದು ಸತ್ತ ಲೈಬ್ರರಿ, ಕಿತ್ತು ಹಾಕಿ. ನನ್ನ ಸೀನಿಯರ್ ಹೇಳೋದು, ಕೆಲಸ ಮಾಡ್ತಿದೆಯಲ್ಲ, ಸುಮ್ನೆ ಯಾಕೆ ಕೈ ಹಾಕ್ತೀರಿ. ಇನ್ನೊಬ್ಬ ಸಹೋದ್ಯೋಗಿ, ಎಐ ಕೈಲಿ ನಮ್ಮದೇ ಒಂದು ಬರೆಸಿಬಿಡೋಣ ಅಂತಾರೆ.

ಇದರ ಮಧ್ಯೆ ಇನ್ನೊಂದು ಬೆಳವಣಿಗೆ. ಯಾರೋ ಹೊಸಬರು ಬಂದು "ರಿಲೀಸ್ ಮಾಡೋ ಹಕ್ಕು ನನಗೆ ಕೊಡಿ, ನಾನು ನೋಡಿಕೊಳ್ತೇನೆ" ಅಂತ ಬರೆದಿದ್ದಾರೆ. ಅದರ ಕೆಳಗೆ ಕೆಲವರು "ಕೊಡಿ, ಇಲ್ಲಾಂದ್ರೆ ನೀವು ಜಾಗ ಬಿಡಿ" ಅಂತ ಮೇಂಟೇನರ್ ಮೇಲೆ ರೇಗಾಡಿದ್ದಾರೆ. ನಮ್ಮ ಕಂಪನಿ ಹೆಸರಲ್ಲೂ ಅಲ್ಲಿ ಒಂದು ಕಾಮೆಂಟ್ ಹಾಕಿ ಅಂತ ಮ್ಯಾನೇಜರ್ ಹೇಳಿದ್ದಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡೋದು ಸರಿ?

ಹಳೇಕೀಲಿ

ಮೊದಲು ಒಂದು ವಿಷಯ. ಅಪ್‌ಡೇಟ್ ಬರುತ್ತಿಲ್ಲ ಅಂದ ಮಾತ್ರಕ್ಕೆ ಲೈಬ್ರರಿ ಸತ್ತಿದೆ ಅಂತ ಅರ್ಥ ಅಲ್ಲ. ಕೆಲವು ಸಾಫ್ಟ್‌ವೇರ್ ಮುಗಿದಿರುತ್ತವೆ ಅಷ್ಟೇ. ಡೊನಾಲ್ಡ್ ಕ್ನುತ್ ಅವರ ಟೆಕ್ ಅನ್ನೋ ಪುಟ ಜೋಡಿಸುವ ಸಾಫ್ಟ್‌ವೇರ್ ನೋಡಿ, ಅದರ ಆವೃತ್ತಿ ಸಂಖ್ಯೆ ಪೈ ಬೆಲೆಗೆ ಒಂದೊಂದೇ ಅಂಕಿ ಹತ್ತಿರ ಆಗುತ್ತಾ ಹೋಗುತ್ತದೆ, 2021ರಲ್ಲಿ 3.141592653 ಆಯ್ತು. ವರ್ಷಗಟ್ಟಲೆ ಬದಲಾವಣೆ ಇಲ್ಲ ಅಂತ ಅದನ್ನು ಯಾರೂ ಬಿಟ್ಟು ಓಡಿಲ್ಲ. ನಿಮ್ಮ ಕೆಲಸಕ್ಕೇ ಹತ್ತಿರದ ಉದಾಹರಣೆ ಬೇಕಾದರೆ ಮೊಮೆಂಟ್ ಜೆಎಸ್ ಅನ್ನೋ ದಿನಾಂಕದ ಲೈಬ್ರರಿ ಇದೆ. 2020ರ ಸೆಪ್ಟೆಂಬರಿನಲ್ಲಿ ಆ ತಂಡದವರೇ ಇನ್ನು ಹೊಸ ಫೀಚರ್ ಸೇರಿಸಲ್ಲ, ಹೊಸ ಪ್ರಾಜೆಕ್ಟ್‌ಗಳಿಗೆ ಬೇರೆ ಯಾವುದಾದರೂ ಆರಿಸಿಕೊಳ್ಳಿ ಅಂತ ನೇರವಾಗಿ ಬರೆದರು. ಅದು ಮರ್ಯಾದೆಯ ನಡೆ.

ಆದರೆ ನಿಮ್ಮ ಸೀನಿಯರ್ ಮಾತನ್ನೂ ನಾನು ಪೂರ್ತಿ ಒಪ್ಪಲ್ಲ. ದಿನಾಂಕದ ಲೈಬ್ರರಿಯಲ್ಲಿ ಎರಡು ಭಾಗ ಇರುತ್ತವೆ. ಒಂದು ಲೆಕ್ಕ ಹಾಕುವ ಕೋಡ್. ಅದು ಮುಗಿದಿರಬಹುದು. ಇನ್ನೊಂದು ಟೈಮ್‌ಝೋನ್ ಡೇಟಾ. ಅದು ಯಾವತ್ತೂ ಮುಗಿಯಲ್ಲ, ಯಾಕೆಂದರೆ ಅದನ್ನು ಬದಲಿಸೋದು ಸರ್ಕಾರಗಳು. ಕೆಲವು ದೇಶಗಳು ಬೇಸಿಗೆಗೆ ಗಡಿಯಾರ ಮುಂದಿಟ್ಟು ಚಳಿಗಾಲಕ್ಕೆ ಹಿಂದಿಡುತ್ತವೆ. 2022ರ ಅಕ್ಟೋಬರಿನಲ್ಲಿ ಜೋರ್ಡಾನ್, ಸಿರಿಯಾ ಎರಡೂ ಚಳಿಗಾಲಕ್ಕೆ ಗಡಿಯಾರ ಹಿಂದಿಡುವುದನ್ನೇ ನಿಲ್ಲಿಸಿಬಿಟ್ಟವು. 2024ರ ಮಾರ್ಚ್ 1ಕ್ಕೆ ಕಝಕಿಸ್ತಾನ ಇಡೀ ದೇಶಕ್ಕೆ ಒಂದೇ ಟೈಮ್‌ಝೋನ್ ಮಾಡಿತು. ಎಲ್ಲಕ್ಕಿಂತ ಜೋರು ಲೆಬನಾನ್‌ದು. 2023ರ ಮಾರ್ಚ್ 26ಕ್ಕೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗಬೇಕಿತ್ತು. ಅದಕ್ಕೆ ಮೂರು ದಿನ ಇರುವಾಗ ಸರ್ಕಾರ ಏಪ್ರಿಲ್‌ಗೆ ಮುಂದೂಡಿತು. ಟೈಮ್‌ಝೋನ್ ಡೇಟಾಬೇಸಿನವರು, ಅಂದರೆ ಎಲ್ಲ ದೇಶಗಳ ಸಮಯದ ನಿಯಮಗಳನ್ನು ಒಟ್ಟಿಗೆ ಇಡುವವರು, ಗಡಿಬಿಡಿಯಲ್ಲಿ 2023ಬಿ ಅಂತ ರಿಲೀಸ್ ಮಾಡಿದರು. ದೇಶದೊಳಗೇ ಅರ್ಧ ಜನ ಹಳೇ ಟೈಮು, ಅರ್ಧ ಜನ ಹೊಸ ಟೈಮು ಅಂತ ಗಲಾಟೆ ಆಗಿ ಸರ್ಕಾರ ಹಿಂದೆ ಸರಿಯಿತು. ಐದು ದಿನದೊಳಗೆ 2023ಸಿ ಬಂತು.

ಆದ್ದರಿಂದ ನೀವು ಇವತ್ತೇ ನೋಡಬೇಕಾದ್ದು ಇದು: ನಿಮ್ಮ ಲೈಬ್ರರಿ ಈ ಡೇಟಾ ಎಲ್ಲಿಂದ ತಗೋತಿದೆ? ಆಪರೇಟಿಂಗ್ ಸಿಸ್ಟಂ ಅಥವಾ ಬ್ರೌಸರ್‌ನಿಂದ ಓದುತ್ತಿದ್ದರೆ, ಅವು ಅಪ್‌ಡೇಟ್ ಆಗುತ್ತಿರುವ ತನಕ ಲೈಬ್ರರಿ ಹಳೇದಾದರೂ ತೊಂದರೆ ಕಮ್ಮಿ. ಪ್ಯಾಕೇಜಿನೊಳಗೇ ಡೇಟಾ ಫೈಲ್ ಇಟ್ಟುಕೊಂಡಿದ್ದರೆ, ನಿಮ್ಮ ಆ್ಯಪ್ ಎರಡು ವರ್ಷ ಹಳೇ ಪ್ರಪಂಚದಲ್ಲಿದೆ. ಎಲ್ಲೋ ಯಾರದ್ದೋ ಮೀಟಿಂಗ್ ಒಂದು ಗಂಟೆ ಆಚೀಚೆ ಆಗುತ್ತಿರಬಹುದು, ಅವರು ನಿಮಗೆ ಹೇಳದೇ ಸುಮ್ಮನಿರಬಹುದು.

ದೀವಟಿಗೆ

ಹಳೇಕೀಲಿ ಹೇಳಿದ್ದು ಸರಿ. ಆದರೆ ನನಗೆ ಭಯ ಆಗಿದ್ದು ಪ್ರಶ್ನೆಯ ಕೊನೇ ಭಾಗ ಓದಿ. ಹೊಸಬರು ಹಕ್ಕು ಕೇಳೋದು, ಅದಕ್ಕೆ ನಾಲ್ಕು ಜನ ದನಿಗೂಡಿಸೋದು, ಸುಸ್ತಾದ ಒಬ್ಬ ಮೇಂಟೇನರ್. ಇದೇ ದಾರಿಯಲ್ಲಿ ಎಕ್ಸ್‌ಝೆಡ್ ಹಾಳಾಗಿದ್ದು.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರವಾಗಿ ಹೇಳ್ತೇನೆ, ಯಾಕೆಂದರೆ ಇದನ್ನು ಪ್ರತಿ ಪ್ರೋಗ್ರಾಮರ್ ಓದಿಕೊಂಡಿರಬೇಕು. ಎಕ್ಸ್‌ಝೆಡ್ ಯುಟಿಲ್ಸ್ ಫೈಲ್ ಕುಗ್ಗಿಸುವ ಒಂದು ಸಣ್ಣ ಟೂಲ್, ಹೆಚ್ಚುಕಮ್ಮಿ ಎಲ್ಲಾ ಲಿನಕ್ಸ್ ಡಿಸ್ಟ್ರೋಗಳಲ್ಲೂ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಬೇರೆ ಬೇರೆ ರೂಪಗಳಲ್ಲೂ) ಇದೆ. ವರ್ಷಗಳಿಂದ ನೋಡಿಕೊಂಡಿದ್ದು ಲಾಸ್ಸೆ ಕಾಲಿನ್ ಒಬ್ಬರೇ. 2022ರಲ್ಲಿ, ಬೇರೆಲ್ಲೂ ಕಾಣಿಸದ ಕೆಲವು ಹೆಸರುಗಳಿಂದ ಅವರಿಗೆ ಸಂದೇಶ ಬರಲು ಶುರುವಾಯ್ತು. ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ ಅಂತ. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳ ಇಲ್ಲದ ಹವ್ಯಾಸದ ಕೆಲಸ ಅಂತ ಅವರು ಬರೆದರು. ಆಗಲೂ ಒತ್ತಡ ನಿಲ್ಲಲಿಲ್ಲ. ಜಿಯಾ ಟಾನ್ ಅನ್ನೋ ಹೆಸರಿನವರು ಅಷ್ಟರಲ್ಲಿ ಒಳ್ಳೊಳ್ಳೆ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿ ನಂಬಿಕೆ ಗಳಿಸಿದ್ದರು. ಹಕ್ಕು ಅವರಿಗೆ ಸಿಕ್ಕಿತು. 2024ರ ಫೆಬ್ರವರಿ, ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹೊರಗಿನವರು ಕದ್ದು ಕಂಪ್ಯೂಟರಿನೊಳಗೆ ನುಗ್ಗಲು ಹಿಂಬಾಗಿಲು ಇತ್ತು.

ಅದನ್ನು ಅಡಗಿಸಿಟ್ಟ ರೀತಿ ನೋಡಿ. ವಿಷ ಇದ್ದದ್ದು ಟೆಸ್ಟ್‌ಗೆಂದು ಇಟ್ಟ ಬೈನರಿ ಫೈಲ್‌ಗಳ ಒಳಗೆ. ಬಿಲ್ಡ್ ಆಗುವಾಗ ಅದನ್ನು ಹೊರತೆಗೆಯುವ ಸಾಲುಗಳು ಗಿಟ್ ರೆಪೊದಲ್ಲಿ (ಎಲ್ಲರೂ ನೋಡುವ ಕೋಡಿನ ಸಂಗ್ರಹದಲ್ಲಿ) ಇರಲೇ ಇಲ್ಲ, ಬಳಸುವವರಿಗೆಂದು ಕಟ್ಟಿಕೊಟ್ಟ ರಿಲೀಸ್ ಟಾರ್‌ಬಾಲ್‌ನಲ್ಲಿ ಮಾತ್ರ ಇದ್ದವು. ಅಂದರೆ ಗಿಟ್‌ಹಬ್‌ನಲ್ಲಿ ಕೋಡನ್ನು ಸಾಲು ಸಾಲಾಗಿ ಓದಿದವರಿಗೂ ಇದು ಪೂರ್ತಿ ಕಾಣುತ್ತಿರಲಿಲ್ಲ.

ಸಿಕ್ಕಿಬಿದ್ದದ್ದು ಆಂಡ್ರೆಸ್ ಫ್ರಾಯಿಂಡ್ ಅನ್ನೋ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಕೈಗೆ. ಡೆಬಿಯನ್ ಅನ್ನೋ ಲಿನಕ್ಸ್ ಡಿಸ್ಟ್ರೋದ ಪ್ರಯೋಗದ ಆವೃತ್ತಿಯಲ್ಲಿ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಸೇರುವ ದಾರಿ) ಲಾಗಿನ್ 0.3 ಸೆಕೆಂಡ್ ತಗೊಳ್ಳೋ ಜಾಗದಲ್ಲಿ 0.8 ಸೆಕೆಂಡ್ ತಗೊಂಡಿತು. ಆ ಅರ್ಧ ಸೆಕೆಂಡನ್ನು ಅವರು ಕಡೆಗಣಿಸಲಿಲ್ಲ, ಬೆನ್ನು ಹತ್ತಿದರು. ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಭದ್ರತಾ ದೋಷಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2024-3094, ತೀವ್ರತೆ ಹತ್ತಕ್ಕೆ ಹತ್ತು.

ನಿಮ್ಮ ಲೈಬ್ರರಿಗೆ ಬಂದ ಹೊಸಬರು ಕಳ್ಳರು ಅಂತ ನಾನು ಹೇಳ್ತಿಲ್ಲ. ನಿಜವಾಗಿ ಸಹಾಯ ಮಾಡಲು ಬಂದಿರಬಹುದು. ಆದರೆ ಆ ಗುಂಪಿನ ಜೊತೆ ನಿಮ್ಮ ಕಂಪನಿ ಹೆಸರು ಸೇರಿಸಬೇಡಿ. ನಿಮ್ಮ ಮನಸ್ಸು ಹೇಳಿದ್ದೇ ಸರಿ. ಹಾಗೇ, ಆವೃತ್ತಿಯನ್ನು ಈಗಲೇ ಲಾಕ್ ಮಾಡಿ. ಹಕ್ಕು ಕೈ ಬದಲಾದ ಮೇಲೆ ಬರುವ ಮೊದಲ ರಿಲೀಸ್ ತಂತಾನೇ ನಿಮ್ಮ ಬಿಲ್ಡ್ ಒಳಗೆ ಬರಬಾರದು. 2018ರಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರ ಎನ್‌ಪಿಎಂನ ಇವೆಂಟ್-ಸ್ಟ್ರೀಮ್ ಅನ್ನೋ ಲೈಬ್ರರಿಯಲ್ಲೂ ಹೀಗೇ ಆಗಿತ್ತು. ಹಳೇ ಮೇಂಟೇನರ್ ಒಳ್ಳೇ ಮನಸ್ಸಿಂದ ಬಿಟ್ಟುಕೊಟ್ಟರು, ಪಡೆದವರು ಬಿಟ್‌ಕಾಯಿನ್ ಕದಿಯುವ ಕೋಡ್ ಸೇರಿಸಿದರು.

ಗುಬ್ಬಿಗೂಡು

ಇಷ್ಟೆಲ್ಲಾ ಭಯ ಇಟ್ಟುಕೊಂಡು ಬೇರೆಯವರ ಲೈಬ್ರರಿ ಯಾಕೆ ಬೇಕು ಅಂತ ನನ್ನ ಪ್ರಶ್ನೆ. ಆ ಸಹೋದ್ಯೋಗಿ ಹೇಳಿದ್ದರಲ್ಲಿ ತಪ್ಪೇನಿಲ್ಲ. ಸಣ್ಣ ಸಣ್ಣದಕ್ಕೆಲ್ಲ ಪ್ಯಾಕೇಜ್ ಎಳೆದುಕೊಳ್ಳುವ ಅಭ್ಯಾಸದಿಂದಲೇ 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಗಲಾಟೆ ಆಗಿದ್ದು. ಹನ್ನೊಂದು ಸಾಲಿನ ಕೋಡ್, ಅದನ್ನು ಬರೆದವರು ಎನ್‌ಪಿಎಂನಿಂದ ತೆಗೆದ ಕೂಡಲೇ ಎಲ್ಲೆಲ್ಲೋ ಬಿಲ್ಡ್‌ಗಳು ನಿಂತುಹೋದವು. ಇವತ್ತು ನಮ್ಮ ಕೈಲಿ ಎಐ ಇದೆ. ನಮಗೆ ಬೇಕಾದಷ್ಟೇ ಬರೆದುಕೊಂಡರೆ ಯಾರ ಹಂಗೂ ಇಲ್ಲ, ಓದಿ ಅರ್ಥ ಮಾಡಿಕೊಳ್ಳಲೂ ಸುಲಭ. ನಾನು ನಮ್ಮ ಪ್ರಾಜೆಕ್ಟಿನಲ್ಲಿ ಇಂಥ ಚಿಕ್ಕ ಪ್ಯಾಕೇಜ್‌ಗಳನ್ನು ಬಹಳಷ್ಟು ತೆಗೆದುಹಾಕಿದ್ದೇನೆ, ನೆಮ್ಮದಿಯಾಗಿದೆ.

ಹಳೇಕೀಲಿ

ಗುಬ್ಬಿಗೂಡು ಅವರೇ, ಲೆಫ್ಟ್-ಪ್ಯಾಡ್ ಥರ ಅಕ್ಷರದ ಮುಂದೆ ಖಾಲಿ ಜಾಗ ತುಂಬುವ ಕೋಡಿಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಟೈಮ್‌ಝೋನ್‌ಗೆ ಮಾತ್ರ ಬೇಡ. ಗಡಿಯಾರ ಮುಂದೆ ಹೋಗುವ ರಾತ್ರಿ ಎರಡೂವರೆ ಗಂಟೆ ಅನ್ನೋದೇ ಇಲ್ಲದಿರಬಹುದು. ಹಿಂದೆ ಬರುವ ರಾತ್ರಿ ಅದೇ ಎರಡೂವರೆ ಎರಡು ಸಲ ಬರಬಹುದು. ಆಗ ನಿಮ್ಮ ಅಲಾರಂ ಯಾವುದಕ್ಕೆ ಹೊಡೆಯಬೇಕು? ಬದಲಾವಣೆ ಯಾವಾಗಲೂ ಒಂದು ಗಂಟೆ ಅಂದುಕೊಂಡು ಬರೆದ ಕೋಡ್ ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿ ಎಡವುತ್ತದೆ, ಅಲ್ಲಿ ಬದಲಾಗೋದು ಅರ್ಧ ಗಂಟೆ ಮಾತ್ರ. ಎಐ ಬರೆದ ಕೋಡ್ ನೋಡೋಕೆ ಅಚ್ಚುಕಟ್ಟಾಗಿರುತ್ತೆ, ನೀವು ಕೇಳದ ಇಂಥ ಪ್ರಶ್ನೆಗೆ ಅದು ಉತ್ತರ ಕೊಟ್ಟಿದೆಯೋ ಇಲ್ಲವೋ ನಿಮಗೆ ತಿಳಿಯೋದು ಬಳಕೆದಾರರು ದೂರು ಕೊಟ್ಟಾಗಲೇ. ಆ ಹಳೇ ಲೈಬ್ರರಿಯ ಇಶ್ಯೂ ಪಟ್ಟಿಯಲ್ಲಿ ಇವೆಲ್ಲ ಯಾರೋ ಅನುಭವಿಸಿ ಬರೆದಿಟ್ಟಿರುತ್ತಾರೆ. ಲೈಬ್ರರಿ ಬದಲಿಸಿದರೂ ಆ ಪಟ್ಟಿಯನ್ನು ಒಮ್ಮೆ ಪೂರ್ತಿ ಓದಿ.

ಒಂಟಿಸಲಗ

ನಾನು ಒಂದು ಸಣ್ಣ ಲೈಬ್ರರಿಯ ಮೇಂಟೇನರ್. ನಿಮ್ಮದಲ್ಲ, ಬೇರೆ. ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳೋಣ ಅನ್ನಿಸಿತು.

ಎಂಐಟಿ ಲೈಸೆನ್ಸ್ ಪೂರ್ತಿ ಓದಿದವರು ಕಮ್ಮಿ. ಇದ್ದದ್ದು ಇದ್ದ ಹಾಗೆ ಕೊಡ್ತಿದ್ದೇನೆ, ಯಾವ ಭರವಸೆಯೂ ಇಲ್ಲ ಅಂತ ಅದರಲ್ಲೇ ಸ್ಪಷ್ಟವಾಗಿದೆ. ಹಾಗಿದ್ದೂ ರಾತ್ರಿ ಮಕ್ಕಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದರೆ, "ನಮ್ಮ ಪ್ರೊಡಕ್ಷನ್ ನಿಂತಿದೆ, ಯಾವಾಗ ಸರಿ ಮಾಡ್ತೀರಿ" ಅಂತ ಗೊತ್ತಿಲ್ಲದ ಕಂಪನಿಯವರು ಗದರಿಸಿರುತ್ತಾರೆ. ಅಂಥ ಮೆಸೇಜ್ ನೋಡಿದ ದಿನ ಕೋಡ್ ಮುಟ್ಟಲು ಮನಸ್ಸೇ ಬರಲ್ಲ. ಇತ್ತೀಚೆಗೆ ಎಐ ಬರೆದ ಉದ್ದುದ್ದ ಸುಳ್ಳು ಬಗ್ ರಿಪೋರ್ಟ್‌ಗಳ ಕಾಟ ಬೇರೆ. ಇಂಟರ್ನೆಟ್ಟಿನಿಂದ ಡೇಟಾ ತರುವ ಟೂಲ್ ಕರ್ಲ್‌ನಂಥ ದೊಡ್ಡ ಪ್ರಾಜೆಕ್ಟ್‌ನವರೇ ಇದರಿಂದ ಬೇಸತ್ತು, ಭದ್ರತಾ ದೋಷ ಹುಡುಕಿದವರಿಗೆ ಹಣ ಕೊಡುವ ಯೋಜನೆಯನ್ನು 2026ರ ಜನವರಿ ಕೊನೆಗೆ ನಿಲ್ಲಿಸಿದರು.

ನನಗೆ ನಿಜವಾಗಿ ಸಹಾಯ ಆಗೋದು ಬೇರೆ ಥರದ ಮೆಸೇಜ್. ದೋಷ ತೋರಿಸುವ ಒಂದೇ ಒಂದು ಪುಟ್ಟ ಟೆಸ್ಟ್. ಅಥವಾ ಬೇರೆ ಯಾರೋ ಕಳಿಸಿದ ಪುಲ್ ರಿಕ್ವೆಸ್ಟನ್ನು ತಮ್ಮ ಆ್ಯಪ್‌ನಲ್ಲಿ ಹಾಕಿ ನೋಡಿ, ಇಂತಿಂಥ ಕಡೆ ಪರೀಕ್ಷಿಸಿದೆ, ಸರಿ ಇದೆ ಅಂತ ಎರಡು ಸಾಲು. ಪರಿಶೀಲನೆಯೇ ನಮಗೆ ಅತಿ ಭಾರದ ಕೆಲಸ, ಕೋಡ್ ಬರೆಯೋದಲ್ಲ. ಹಣವೂ ಮುಖ್ಯ, ಅದನ್ನು ಹೇಳಲು ನಾಚಿಕೆ ಯಾಕೆ? 2014ರಲ್ಲಿ ಹಾರ್ಟ್‌ಬ್ಲೀಡ್ ಅನ್ನೋ ಭದ್ರತಾ ದೋಷ ಬಂದಾಗ ತಿಳಿದದ್ದು, ಇಂಟರ್ನೆಟ್ಟಿನ ಬಹುಪಾಲನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್ ಅಂತ. ಆಮೇಲೆ ದೊಡ್ಡ ಕಂಪನಿಗಳು ಸೇರಿ ಹಣ ಹಾಕಿದವು. ಮೊದಲೇ ಹಾಕಬಹುದಿತ್ತು.

ನಿಮ್ಮ ಮೇಂಟೇನರ್‌ಗೆ ಎಲ್ಲರ ಮುಂದೆ ಅಲ್ಲ, ಒಂದು ಇಮೇಲ್ ಬರೆಯಿರಿ. ಹೇಗಿದ್ದೀರಿ, ನಾವು ನಿಮ್ಮ ಕೆಲಸದ ಮೇಲೆ ನಿಂತಿದ್ದೇವೆ, ಇದನ್ನು ಮುಂದುವರಿಸುವ ಯೋಚನೆ ಇದೆಯಾ, ಇಲ್ಲದಿದ್ದರೂ ಪರವಾಗಿಲ್ಲ, ನಾವು ಫೋರ್ಕ್ ಮಾಡಿಕೊಳ್ತೇವೆ, ಅಂದರೆ ನಮ್ಮದೇ ಒಂದು ಪ್ರತಿ ತೆಗೆದು ನೋಡಿಕೊಳ್ತೇವೆ ಅಂತ. "ಇಲ್ಲದಿದ್ದರೂ ಪರವಾಗಿಲ್ಲ" ಅನ್ನೋ ಮಾತನ್ನು ಬಿಡಬೇಡಿ.

ಸಂಜೆಮಲ್ಲಿಗೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೇಕೀಲಿ ಹೇಳಿದ ಹಾಗೆ ಪ್ಯಾಕೇಜ್ ಬಿಚ್ಚಿ ನೋಡಿದೆ. ಡೇಟಾ ಫೈಲ್ ಒಳಗೇ ಇದೆ, ಕಝಕಿಸ್ತಾನದ ಬದಲಾವಣೆ ಅದರಲ್ಲಿಲ್ಲ. ಇದನ್ನು ತೋರಿಸಿದ ಮೇಲೆ ಸೀನಿಯರ್ ಕೂಡ ಒಪ್ಪಿದರು. ಆವೃತ್ತಿ ಲಾಕ್ ಮಾಡಿದ್ದೇವೆ. ಸದ್ಯಕ್ಕೆ ನಮ್ಮದೇ ಒಂದು ಫೋರ್ಕ್ ಮಾಡಿ ಹೊಸ ಡೇಟಾ ಮಾತ್ರ ಹಾಕುತ್ತೇವೆ, ಆ ಡೇಟಾಬೇಸ್ ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿರೋದು ಒಳ್ಳೇದಾಯ್ತು. ಲೈಬ್ರರಿಯನ್ನು ನೇರವಾಗಿ ಕರೆಯುವ ಜಾಗಗಳನ್ನೆಲ್ಲ ನಮ್ಮದೇ ಒಂದು ಫೈಲಿಗೆ ತಂದರೆ ಮುಂದೆ ಬದಲಿಸಲು ಸುಲಭ ಆಗುತ್ತೆ ಅಂತ ಆ ಕೆಲಸವನ್ನೂ ಶುರು ಮಾಡಿದ್ದೇವೆ. ಕಾಮೆಂಟ್ ಹಾಕಲ್ಲ ಅಂತ ಮ್ಯಾನೇಜರ್‌ಗೆ ಹೇಳಿದೆ, ಎಕ್ಸ್‌ಝೆಡ್ ಕಥೆ ಕೇಳಿ ಅವರೂ ಬೇಡ ಅಂದರು. ಇಮೇಲ್ ಕಳಿಸಿದ್ದೇನೆ, ಉತ್ತರ ಇನ್ನೂ ಬಂದಿಲ್ಲ, ಕಾಯ್ತೇನೆ.

ಒಂದು ಸಂದೇಹ. ಮೀಟಿಂಗ್ ಸಮಯವನ್ನು ನಾವು ಡೇಟಾಬೇಸಿನಲ್ಲಿ ಯುಟಿಸಿಗೆ (ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯಕ್ಕೆ) ಬದಲಿಸಿ ಇಡುತ್ತೇವೆ. ಡೇಟಾ ಹೊಸದು ಮಾಡಿದರೆ ಹಳೇ ಮೀಟಿಂಗ್‌ಗಳು ಸರಿಹೋಗುತ್ತವಾ?

ಹಳೇಕೀಲಿ

ಇಲ್ಲ, ಅದೇ ತೊಡಕು. ಮುಗಿದುಹೋದ ಘಟನೆಗೆ ಯುಟಿಸಿ ಸಾಕು. ಮುಂದೆ ನಡೆಯೋದಕ್ಕೆ ಸಾಲದು. ಬೆಳಿಗ್ಗೆ ಹತ್ತಕ್ಕೆ ಅಂತ ಜನ ಹೇಳಿದ್ದು ಅಲ್ಲಿನ ಗೋಡೆ ಗಡಿಯಾರದ ಹತ್ತು. ಆಮೇಲೆ ಸರ್ಕಾರ ನಿಯಮ ಬದಲಿಸಿದರೆ, ನೀವು ಹಳೇ ನಿಯಮದಲ್ಲಿ ಲೆಕ್ಕ ಹಾಕಿಟ್ಟ ಯುಟಿಸಿ ತಪ್ಪಾಗುತ್ತದೆ. ಮುಂದಿನ ಮೀಟಿಂಗ್‌ಗಳಿಗೆ ಸ್ಥಳೀಯ ಸಮಯ ಮತ್ತು ಝೋನಿನ ಹೆಸರು, ಅಂದರೆ ಏಷ್ಯಾ/ಅಲ್ಮಾಟಿ ಅಂತ, ಎರಡನ್ನೂ ಇಟ್ಟುಕೊಳ್ಳಿ. ಯುಟಿಸಿಯನ್ನು ಅದರಿಂದ ಆಗಾಗ ಲೆಕ್ಕ ಹಾಕಿಕೊಳ್ಳಿ. ಈಗಾಗಲೇ ಇರುವವನ್ನು ಹಳೇ ಡೇಟಾ ಬಳಸಿಯೇ ಸ್ಥಳೀಯ ಸಮಯಕ್ಕೆ ತಿರುಗಿಸಿ, ಆಮೇಲೆ ಹೊಸ ಡೇಟಾ ಹಾಕಿ. ಈ ಕ್ರಮ ಹಿಂದುಮುಂದಾದರೆ ನಿಯಮ ಬದಲಾದ ಕಡೆಯ ಮೀಟಿಂಗ್‌ಗಳು ಆಚೀಚೆ ಸರಿಯುತ್ತವೆ, ಬ್ಯಾಕಪ್ ಇಲ್ಲದೆ ಶುರು ಮಾಡಬೇಡಿ.

ಒಂಟಿಸಲಗ

ಟೆಸ್ಟ್‌ಗಳಲ್ಲಿ ಸಮೋವಾದ 2011ರ ಡಿಸೆಂಬರ್ 30 ಸೇರಿಸಿ. ದಿನಾಂಕ ರೇಖೆಯ ಆಚೆ ದಾಟಲು ಆ ದೇಶ ಅವತ್ತಿನ ದಿನವನ್ನೇ ಬಿಟ್ಟುಬಿಟ್ಟಿತು, 29 ಆದ ಮೇಲೆ 31. ನಿಮ್ಮ ಫೋರ್ಕ್ ಅದನ್ನು ಸರಿಯಾಗಿ ದಾಟಿದರೆ ಆ ಟೆಸ್ಟನ್ನೇ ಮೂಲ ಲೈಬ್ರರಿಗೂ ಕಳಿಸಿ, ಮೇಂಟೇನರ್ ಬಂದಾಗ ನೋಡಿಕೊಳ್ಳಲಿ.