ಉಲ್ಲೇಖ ಸಂಖ್ಯೆ 32ರ ಬದಲು ಮತ್ತೆ 1 ಬರುತ್ತಿದೆ (ಜೊಟೆರೊ, ವ್ಯಾಂಕೂವರ್) – ತುರ್ತು

ಹೊಲದಹಾವು, ಕಲಬುರಗಿ – ರಾತ್ರಿ 9.40
ಶುಕ್ರವಾರ ಸಂಜೆಯೊಳಗೆ ಲೇಖನ ಕಳುಹಿಸಬೇಕು, ತಲೆ ಕೆಟ್ಟುಹೋಗಿದೆ. ವಿಷಯ ತೊಗರಿ ಹೊಲದ ಕೂಲಿಕಾರರಲ್ಲಿ ಹಾವು ಕಡಿತ. ವರ್ಡ್‌ನಲ್ಲಿ ಜೊಟೆರೊ (ಉಲ್ಲೇಖಗಳನ್ನು ಜೋಡಿಸಿ ತಾನೇ ಸಂಖ್ಯೆ ಕೊಡುವ ತಂತ್ರಾಂಶ) ಬಳಸಿ, ವ್ಯಾಂಕೂವರ್ ಎಂಬ ಸಂಖ್ಯಾ ಶೈಲಿಯಲ್ಲಿ 31 ಉಲ್ಲೇಖ ಹಾಕಿದ್ದೆ. ಮೊನ್ನೆಯವರೆಗೂ ಹೇಳಿದ ಮಾತು ಕೇಳುತ್ತಿತ್ತು. ಇಂದು ಚರ್ಚೆಯ ಭಾಗಕ್ಕೆ ಇನ್ನೊಂದು ಸೇರಿಸಿದರೆ 32 ಬರಬೇಕಾದಲ್ಲಿ 1 ಬಂತು. ಕೊನೆಯ ಪಟ್ಟಿಯನ್ನು ಹೊಸದಾಗಿ ತೆಗೆದರೆ ಅದರಲ್ಲಿ ಅದೊಂದೇ. ಹಳೆಯ 31 ಕುಳಿತಲ್ಲೇ ಕುಳಿತಿವೆ, ಜೊಟೆರೊ ಅವುಗಳನ್ನು ಕಣ್ಣೆತ್ತಿಯೂ ನೋಡುತ್ತಿಲ್ಲ. ಸಾಲದ್ದಕ್ಕೆ, 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿದ ವಿಶ್ವ ಆರೋಗ್ಯ ಸಂಸ್ಥೆ ನನ್ನ ಪಟ್ಟಿಯಲ್ಲಿ ‘ಆರ್ಗನೈಸೇಶನ್ ಡಬ್ಲ್ಯೂಎಚ್’ ಎಂದು ಬಂದಿದೆ, ಆ ಹೆಸರಿನ ಮಹಾಶಯರು ಯಾರೋ ಇದ್ದಂತೆ. ನಾನು ಏನನ್ನೂ ಬದಲಾಯಿಸಿಲ್ಲ. ಬೇಗ ಹೇಳಿ.

ಬೀದರ್ಬುರುಜು – 9.52
ಸ್ಟೈಲ್ ಫೈಲ್, ಅಂದರೆ ಉಲ್ಲೇಖ ಹೇಗೆ ಕಾಣಬೇಕೆಂದು ಹೇಳುವ ಕಡತ, ಹಳೆಯದಾಗಿದೆ. ತೆಗೆದುಹಾಕಿ ಹೊಸದನ್ನು ಹಾಕಿಕೊಳ್ಳಿ. ನೂರಕ್ಕೆ ನೂರು ಇದೇ.

ಹೊಲದಹಾವು – 10.05
ಹಾಕಿದೆ. ಹೊಸ 1 ಆವರಣ ಬಿಟ್ಟು ಮೇಲಕ್ಷರವಾಯಿತು. ಉಳಿದ 31 ಅಲುಗಲಿಲ್ಲ.

ಬೀದರ್ಬುರುಜು – 10.11
ಹಾಗಾದರೆ ತಪ್ಪು ಸ್ಟೈಲ್ ಆಯ್ಕೆಯಾಗಿದೆ. ವ್ಯಾಂಕೂವರ್ ಎಂಬ ಹೆಸರಿನಲ್ಲೇ ಹಲವು ಇವೆ. ಆರು ಲೇಖಕರ ನಂತರ ‘ಎಟ್ ಆಲ್’ (ಮತ್ತಿತರರು) ಬರುತ್ತದೆಯೇ? ಪುಟಗಳು 284-287 ಎಂದಿರದೆ 284-7 ಎಂದಿವೆಯೇ? ವರ್ಷದ ನಂತರ ಅರ್ಧವಿರಾಮ, ನಡುವೆ ಜಾಗವಿಲ್ಲದೆ ಸಂಪುಟ, 2002;347(4):284-7, ಹೀಗೆ? ಇದ್ದರೆ ಅದು ನಿಜವಾದ ವ್ಯಾಂಕೂವರ್.

ಗ್ರಂಥಪಾಲಕಿ, ಯಾದಗಿರಿ – 10.20
‘ನಿಜವಾದ’ ಎಂಬುದೊಂದಿಲ್ಲ ಸರ್. 1978ರಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ವ್ಯಾಂಕೂವರಿನಲ್ಲಿ ಸೇರಿದರು, ಊರಿನ ಹೆಸರು ಅಂಟಿಕೊಂಡಿತು. ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದವರು ಆರಕ್ಕಿಂತ ಹೆಚ್ಚು ಲೇಖಕರಿದ್ದರೆ ಮೂರೇ ಹೆಸರು ಬರೆಯಿರಿ ಎನ್ನುತ್ತಾರೆ. ಆಯಾ ಪತ್ರಿಕೆ ಲೇಖಕರಿಗೆ ಕೊಟ್ಟ ಸೂಚನೆಯನ್ನೇ ನೋಡಬೇಕು. ಇರಲಿ, ಇಲ್ಲಿಯ ರೋಗ ಬೇರೆ. ಹೊಲದಹಾವು, ಹಳೆಯ ಸಂಖ್ಯೆಯ ಹಿಂದೆ ಬೂದು ನೆರಳು ಕಾಣುತ್ತದೆಯೇ?

ಮೂರುಪರದೆ, ಕಲಬುರಗಿ – 10.24
ಕರೆಂಟ್ ಹೋಗಿತ್ತೇ? ಹೋಗಿದ್ದರೆ ಜೊಟೆರೊದ ಡೇಟಾಬೇಸ್ ಕೆಟ್ಟಿರುತ್ತದೆ. ಮೇ ತಿಂಗಳಿನಲ್ಲಿ ಯುಪಿಎಸ್ ಇಲ್ಲದೆ ಈ ಊರಿನಲ್ಲಿ ಯಾರಾದರೂ ಪ್ರಬಂಧ ಬರೆಯುತ್ತಾರೆಯೇ? ನನ್ನಲ್ಲಿ ಎರಡು ಬ್ಯಾಟರಿಯ ಇನ್ವರ್ಟರ್, ಅದರ ಮೇಲೆ ಯುಪಿಎಸ್. ಎಡ ಪರದೆಯಲ್ಲಿ ವೈದ್ಯಕೀಯ ಲೇಖನಗಳ ಸೂಚಿ ಪಬ್‌ಮೆಡ್, ನಡುವೆ ಲೇಖನ, ಬಲಗಡೆ ಎಂಡ್‌ನೋಟ್, ಜೊಟೆರೊದಂಥದೇ ಆದರೆ ಹಣ ಕೊಟ್ಟು ಕೊಳ್ಳುವಂಥದ್ದು. ನಾಲ್ಕು ಸಾವಿರ ಉಲ್ಲೇಖವಿದೆ, ಒಂದು ಸಲವೂ ತೊಂದರೆ ಕೊಟ್ಟಿಲ್ಲ.

ಹೊಲದಹಾವು – 10.31
ಕರೆಂಟ್ ಹೋಗಿತ್ತು, ಮೊನ್ನೆ ಮಧ್ಯಾಹ್ನ. ಆದರೆ ಜೊಟೆರೊ ತೆರೆದರೆ 31 ನಮೂದುಗಳೂ ಅಚ್ಚುಕಟ್ಟಾಗಿವೆ. ಅಕ್ಕಾ, ಹಳೆಯವಕ್ಕೆ ನೆರಳಿಲ್ಲ. ಹೊಸ 1ಕ್ಕೆ ಮಾತ್ರ ಇದೆ.

ಮೂರುಪರದೆ – 10.33
ನಾನು ಹೇಳಲಿಲ್ಲವೇ, ಕರೆಂಟ್.

ಬೀದರ್ಬುರುಜು – 10.36
ಕರೆಂಟಿಗೂ ಇದಕ್ಕೂ ಸಂಬಂಧವಿಲ್ಲ. ಸ್ಟೈಲ್ ಫೈಲನ್ನು ಇನ್ನೊಮ್ಮೆ ನೋಡಿ.

ಗ್ರಂಥಪಾಲಕಿ – 10.41
ನೆರಳಿಲ್ಲ ಎಂದರೆ ಅವು ಸತ್ತ ಸಂಖ್ಯೆಗಳು, ಕೈಯಲ್ಲಿ ಟೈಪ್ ಮಾಡಿದ್ದಕ್ಕೆ ಸಮ. ಡೇಟಾಬೇಸ್ ನೆಟ್ಟಗಿದೆ, ಸ್ಟೈಲ್ ನೆಟ್ಟಗಿದೆ, ಕಡತದೊಳಗಿನ ಕೊಂಡಿ ಕಳಚಿದೆ. ಯಾವ ವರ್ಡ್ ತಮ್ಮಾ?

ಹೊಲದಹಾವು – 10.44
ವರ್ಡ್ ಎಂದರೆ ವರ್ಡೇ. ಹಾಸ್ಟೆಲಿನ ಕಂಪ್ಯೂಟರಿನಲ್ಲಿ ಇರುವುದು. ಮೇಲೆ ‘ಲಿಬ್ರೆ ಆಫೀಸ್ ರೈಟರ್’ ಎಂದಿದೆ. ಮಾರ್ಗದರ್ಶಕರು ವರ್ಡ್‌ನ ಡಾಕ್ಸ್ (.docx) ಕಡತವನ್ನೇ ಕೇಳುತ್ತಾರೆ ಎಂದು ಡಾಕ್ಸ್ ಆಗಿ ಉಳಿಸುತ್ತೇನೆ. ಎರಡೂ ಒಂದೇ ಅಲ್ಲವೇ?

ಗ್ರಂಥಪಾಲಕಿ – 10.58
ಅದು ವರ್ಡ್ ಅಲ್ಲ, ಬೇರೆಯೇ ತಂತ್ರಾಂಶ. ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದರೆ ಒಂದು ಗಂಟೆ ಉಳಿಯುತ್ತಿತ್ತು. ಲಿಬ್ರೆ ಆಫೀಸಿನಲ್ಲಿ ಜೊಟೆರೊ ತಾನಾಗಿಯೇ ಉಲ್ಲೇಖಗಳನ್ನು ರೆಫರೆನ್ಸ್ ಮಾರ್ಕ್ ಎಂಬ ಒಳಗುರುತಾಗಿ ಇಡುತ್ತದೆ. ಅವು ಲಿಬ್ರೆ ಆಫೀಸಿನ ಸ್ವಂತ ರೂಪವಾದ ಓಡಿಟಿ (.odt) ಕಡತದಲ್ಲಿ ಮಾತ್ರ ಬದುಕುತ್ತವೆ. ಡಾಕ್ಸ್ ಆಗಿ ಉಳಿಸಿದಾಗ ಅಂಕಿ ಉಳಿಯುತ್ತದೆ, ಕೊಂಡಿ ಹೋಗುತ್ತದೆ. ಆದರೆ ಕಡತವನ್ನು ಮುಚ್ಚದೆ ಇದ್ದಷ್ಟು ಹೊತ್ತು ಇದು ಗೊತ್ತಾಗುವುದೇ ಇಲ್ಲ, ಪರದೆಯ ಮೇಲಿರುವುದು ಇನ್ನೂ ಜೀವಂತ ಪ್ರತಿ. ಎಷ್ಟು ದಿನದಿಂದ ಮುಚ್ಚಿರಲಿಲ್ಲ?

ಹೊಲದಹಾವು – 11.02
ಒಂಬತ್ತು ದಿನ. ಅದೊಂದು ಮುದಿ ಯಂತ್ರ, ಮುಚ್ಚಿದರೆ ತೆರೆಯಲು ಹತ್ತು ನಿಮಿಷ. ಅದಕ್ಕೇ ತೆರೆದೇ ಇಟ್ಟಿದ್ದೆ.

ಗ್ರಂಥಪಾಲಕಿ – 11.05
ಕರೆಂಟ್ ಹೋಯಿತು, ಕಡತ ಮುಚ್ಚಿತು. ಮತ್ತೆ ತೆರೆದದ್ದು ಡಾಕ್ಸ್.

ಮೂರುಪರದೆ – 11.06
ಅಂತೂ ಕರೆಂಟ್.

ಗ್ರಂಥಪಾಲಕಿ – 11.15
ಮೊದಲು ಹಳೆಯ ಓಡಿಟಿ ಪ್ರತಿ ಎಲ್ಲಾದರೂ ಇದೆಯೇ ಹುಡುಕಿ. ಸಿಕ್ಕರೆ ಅದೇ ಮೂಲ ಪ್ರತಿ. ಮಾರ್ಗದರ್ಶಕರಿಗೆ ಅದರ ಡಾಕ್ಸ್ ನಕಲು ಕಳುಹಿಸಿ, ಅವರ ತಿದ್ದುಪಡಿಗಳನ್ನು ಕೈಯಾರೆ ಮೂಲಕ್ಕೆ ತನ್ನಿ. ಇದು ಬೇಸರದ ಕೆಲಸ ನಿಜ. ಡಾಕ್ಸ್‌ನಲ್ಲೇ ಬರೆಯಬೇಕು ಎಂದರೆ ಜೊಟೆರೊದ ದಾಖಲೆ ಆಯ್ಕೆಗಳಲ್ಲಿ ರೆಫರೆನ್ಸ್ ಮಾರ್ಕ್ ಬಿಟ್ಟು ಬುಕ್‌ಮಾರ್ಕ್ ಆರಿಸಿ. ಆಗ ವರ್ಡ್‌ಗೂ ಸಾಗುತ್ತದೆ, ಆದರೆ ಗೊತ್ತಿಲ್ಲದೆ ಸಂಖ್ಯೆಯ ಮೇಲೆ ಬೆರಳಾಡಿಸಿದರೆ ಕೆಡುತ್ತದೆ.
ಆರ್ಗನೈಸೇಶನ್ ಮಹಾಶಯರ ವಿಷಯ ಸುಲಭ. ಆ ನಮೂದನ್ನು ತೆರೆದರೆ ಲೇಖಕರ ಹೆಸರಿಗೆ ಎರಡು ಖಾನೆ ಕಾಣುತ್ತವೆ. ಪಕ್ಕದ ಚಿಕ್ಕ ಗುಂಡಿ ಒತ್ತಿದರೆ ಒಂದೇ ಖಾನೆಯಾಗುತ್ತದೆ. ಅದರಲ್ಲಿ ಸಂಸ್ಥೆಯ ಹೆಸರನ್ನು ಪೂರ್ತಿ ಬರೆಯಿರಿ.

ಹೊಲದಹಾವು – 11.29
ಮಹಾಶಯರು ಹೋದರು! ಹುಡುಕುತ್ತ ಹೋದರೆ ಇನ್ನೊಂದು ಕಂಡಿತು: 9 ಮತ್ತು 17 ಒಂದೇ ಲೇಖನ. ಒಂದರಲ್ಲಿ ಲೇಖಕರು ‘ಪಾಟೀಲ ಎಸ್’, ಇನ್ನೊಂದರಲ್ಲಿ ‘ಶರಣಪ್ಪ ಪಿ’.

ಬೀದರ್ಬುರುಜು – 11.33
ಪಾಟೀಲ ಎಂಬುದೇ ಸರಿ. ನಮ್ಮ ಕಡೆ ಅಡ್ಡಹೆಸರು ಇರುತ್ತದೆ. ಮೈಸೂರು ಕಡೆಯವರ ಹಾಗೆ ಅಪ್ಪನ ಹೆಸರನ್ನು ಒಂದಕ್ಷರ ಮಾಡಿ ಮುಂದೆ ಸಿಕ್ಕಿಸುವುದಿಲ್ಲ.

ತುಮಕೂರುಹುಡುಗ – 11.37
ಮೈಸೂರು ಕಡೆಯವರು ಏನು ಮಾಡಿದರು ಈಗ? ನನ್ನ ಅಧಿಕೃತ ಹೆಸರಿನಲ್ಲಿ ಅಡ್ಡಹೆಸರೇ ಇಲ್ಲ. ಎರಡು ಪತ್ರಿಕೆಗಳು ನನ್ನನ್ನು ಎರಡು ಬೇರೆ ಮನುಷ್ಯರನ್ನಾಗಿ ಮಾಡಿವೆ.

ಬೀದರ್ಬುರುಜು – 11.40
ನಾನು ಹೇಳಿದ್ದು ಅದೇ.

ಗ್ರಂಥಪಾಲಕಿ – 11.44
ಯಾರ ಕಡೆಯ ಪದ್ಧತಿಯೂ ಬೇಡ. ಪಬ್‌ಮೆಡ್‌ನಲ್ಲಿ ಹೇಗಿದೆಯೋ ಹಾಗೆ ಇಡಿ. ಜೊಟೆರೊದ ‘ನಕಲು ನಮೂದುಗಳು’ ವಿಭಾಗಕ್ಕೆ ಹೋಗಿ ಎರಡನ್ನೂ ವಿಲೀನ ಮಾಡಿ. ಒಂದನ್ನು ಅಳಿಸಬೇಡಿ, ಅಳಿಸಿದರೆ ಅದನ್ನು ನೆಚ್ಚಿದ ಉಲ್ಲೇಖ ಅನಾಥವಾಗುತ್ತದೆ. ಹಾಗೆಯೇ, ಕೊಳಕುಮಂಡಲದ ವೈಜ್ಞಾನಿಕ ಹೆಸರು ಪಟ್ಟಿಯಲ್ಲಿ ಓರೆ ಅಕ್ಷರದಲ್ಲಿ ಬರಬೇಕು. ಪಟ್ಟಿಯಲ್ಲಿ ತಿದ್ದಿದರೆ ಮುಂದಿನ ಸಲ ಅಳಿದುಹೋಗುತ್ತದೆ, ನಮೂದಿನ ಶೀರ್ಷಿಕೆಯಲ್ಲೇ ತಿದ್ದಿ.

ಮೂರುಪರದೆ – 11.50
ಎಂಡ್‌ನೋಟ್ ಕೊಂಡಿದ್ದರೆ ಇದೊಂದೂ ಇರುತ್ತಿರಲಿಲ್ಲ.

ತುಮಕೂರುಹುಡುಗ – 11.51
ಪಿಜಿ ಹುಡುಗನಿಗೆ ನೀವು ಕೊಡಿಸುತ್ತೀರಾ?

ಹೊಲದಹಾವು – ಮಧ್ಯರಾತ್ರಿ 12.48
ಸಿಕ್ಕಿತು! ಮೊದಲ ವಾರ ಗೆಳೆಯನಿಗೆ ಓದಲು ಕಳುಹಿಸಿದ್ದ ಓಡಿಟಿ ಇಮೇಲಿನಲ್ಲಿತ್ತು. ಅದರಲ್ಲಿ 22ರವರೆಗೆ ನೆರಳು ಇದೆ. ಮುಂದಿನ ಪ್ಯಾರಾಗಳನ್ನು ತಂದು ಅಂಟಿಸಿ, ಸತ್ತ ಸಂಖ್ಯೆ ಅಳಿಸಿ, ಒಂದೊಂದಾಗಿ ಮತ್ತೆ ಹಾಕುತ್ತಿದ್ದೇನೆ. 26ಕ್ಕೆ ಬಂದಿದ್ದೇನೆ. ಅಕ್ಕಾ, ಪುಣ್ಯ ಬರಲಿ.

ಬೀದರ್ಬುರುಜು – 12.55
ಮುಗಿದ ಮೇಲೆ ಸ್ಟೈಲ್ ಫೈಲ್ ಒಮ್ಮೆ ನೋಡಿಬಿಡಿ.

ಹೊಲದಹಾವು – 1.20
29. ಮೂರುಪರದೆ ಸರ್, ಚಿಕ್ಕ ಯುಪಿಎಸ್ ಎಂದರೆ ಎಷ್ಟಾಗುತ್ತದೆ?